ಯುದ್ಧದಿಂದ ಮರಳಿದ ನಾಯಿ: ಒಂದು ಪತ್ತೇದಾರಿ ಕಾದಂಬರಿ ಮತ್ತು ಅದರ ವಾಚಕರು

ಇತಿಹಾಸದ ಆಕರಗಳನ್ನು ಎಣಿಸುವಾಗ ನಾವು ಸಾಮಾನ್ಯವಾಗಿ ಶಾಸನ, ಕಡತ, ದಿನಚರಿ, ಪತ್ರವ್ಯವಹಾರಗಳನ್ನು ಹೆಸರಿಸುತ್ತೇವೆ. ಹೊತ್ತು ಕಳೆಯಲೆಂದು ಓದುವ ಪತ್ತೇದಾರಿ ಕಾದಂಬರಿಗೆ ಆ ಪಂಕ್ತಿಯಲ್ಲಿ ಎಲೆ ಹಾಕುವವರು ವಿರಳ. ಅಂತಹ ಕಾದಂಬರಿಯನ್ನು ಓದಿದವರು ಅದರ ವಿಷಯದಲ್ಲಿ ಆಡಿಕೊಂಡ ಮಾತುಗಳಿಗಂತೂ ಅಲ್ಲಿ ಸ್ಥಾನವೇ ಇಲ್ಲ. ಆದರೆ ಒಂದು ಕಾಲದ ಜನರು ಯಾವುದನ್ನು ಸಹಿಸಬಲ್ಲರು, ಯಾವುದನ್ನು ಸಹಿಸಲಾರರು ಎಂಬುದನ್ನು ತಿಳಿಯಬೇಕಾದಾಗ ಅವರು ಯೋಚಿಸಿ ಬರೆದ ಮಾತಿಗಿಂತ ಯೋಚಿಸದೆ ಆಡಿದ ಮಾತೇ ಕೆಲವೊಮ್ಮೆ ಹೆಚ್ಚು ನಂಬಿಕೆಗೆ ಅರ್ಹವಾಗುತ್ತದೆ. ಈ ದೃಷ್ಟಿಯಿಂದ ಅಮೆರಿಕದ ರಾಬರ್ಟ್ ಕ್ರೇಸ್ ಅವರ ‘ಸಸ್ಪೆಕ್ಟ್’ ಎಂಬ ಕಾದಂಬರಿಯನ್ನೂ ಅದನ್ನು ಕುರಿತು ವಾಚಕರಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯಗಳನ್ನೂ ಇಲ್ಲಿ ಪರಿಶೀಲಿಸಬೇಕೆಂದು ನಮ್ಮ ಉದ್ದೇಶ. ಕೃತಿ ಪ್ರಕಟವಾದದ್ದು 2013ರ ಜನವರಿಯಲ್ಲಿ.

ಗ್ರಂಥಕರ್ತರ ವಿಷಯವಾಗಿ ಎರಡು ಮಾತು ಸಾಕು. ದೂರದರ್ಶನದ ಧಾರಾವಾಹಿಗಳಿಗೆ ಕಥೆ ಬರೆಯುತ್ತಿದ್ದ ಕ್ರೇಸ್ ಅವರು 1987ರಲ್ಲಿ ಎಲ್ವಿಸ್ ಕೋಲ್ ಎಂಬ ಖಾಸಗಿ ಪತ್ತೇದಾರನನ್ನು ನಾಯಕನನ್ನಾಗಿ ಮಾಡಿ ತಮ್ಮ ಮೊದಲನೆಯ ಕಾದಂಬರಿಯನ್ನು ಹೊರತಂದರು. ಕೋಲ್, ಅವನ ಜತೆಗಾರ ಜೋ ಪೈಕ್ ಇಬ್ಬರೂ ವಿಯೆಟ್ನಾಂ ಯುದ್ಧವನ್ನು ಕಂಡು ಬಂದವರು. ಯುದ್ಧದಿಂದ ಮರಳಿದ ಸೈನಿಕನು ಅಮೆರಿಕದ ಸಾಹಸಕಥೆಗಳಲ್ಲಿ ಹೊಸಬನೇನೂ ಅಲ್ಲ. ‘ಸಸ್ಪೆಕ್ಟ್’ ಕಾದಂಬರಿಯ ವಿಶೇಷವೆಂದರೆ, ಇಲ್ಲಿ ಯುದ್ಧದಿಂದ ಮರಳಿದ ಸೈನಿಕ ಮನುಷ್ಯನಲ್ಲ, ನಾಯಿ.

ಕಥೆ ಅಫಘಾನಿಸ್ತಾನದಲ್ಲಿ ಆರಂಭವಾಗುತ್ತದೆ. ಹುದುಗಿಸಿಟ್ಟ ಸಿಡಿಮದ್ದನ್ನು ಮೂಸಿ ಗುರುತಿಸಲು ತರಬೇತು ಪಡೆದ ಮ್ಯಾಗಿ ಎಂಬ ಜರ್ಮನ್ ಷೆಪರ್ಡ್ ನಾಯಿ ತನ್ನ ಪಾಲಕನಾದ ನೌಕಾಪದಾತಿ ಸೈನಿಕನೊಡನೆ ಗಸ್ತಿಗೆ ಹೊರಟಿದೆ. ಅಂದು ಆದ ಸ್ಫೋಟದಲ್ಲಿ ಆ ಸೈನಿಕನು ಸಾಯುತ್ತಾನೆ. ನಾಯಿ ಅವನ ದೇಹವನ್ನು ಬಿಟ್ಟು ಕದಲುವುದಿಲ್ಲ. ಹತ್ತಿರ ಬಂದವರ ಮೇಲೆ ಎರಗುತ್ತದೆ. ಮರೆಯಿಂದ ಹಾರಿದ ಗುಂಡು ತಗುಲಿದರೂ ಅಲ್ಲೇ ನಿಲ್ಲುತ್ತದೆ. ಮುಂದಿನ ಕಥೆಯೆಲ್ಲ ಲಾಸ್ ಏಂಜಲೀಸ್ ನಗರದಲ್ಲಿ ನಡೆಯುವಂಥದು. ರಾತ್ರಿಯ ಹೊಂಚುದಾಳಿಯಲ್ಲಿ ಜತೆಯ ಮಹಿಳಾ ಅಧಿಕಾರಿಯನ್ನು ಕಳೆದುಕೊಂಡು ತಾನೂ ತೀವ್ರವಾಗಿ ಗಾಯಗೊಂಡ ಸ್ಕಾಟ್ ಜೇಮ್ಸ್ ಎಂಬ ಪೊಲೀಸನು ಹಲವು ತಿಂಗಳ ತರುವಾಯ ನಾಯಿಗಳ ದಳವನ್ನು ಸೇರುತ್ತಾನೆ. ಅಲ್ಲಿ ಮ್ಯಾಗಿಯನ್ನು ಕಾಣುತ್ತಾನೆ. ಗುಂಡಿನ ಸದ್ದಿಗೆ ಬೆಚ್ಚಿ ಬೀಳುವ ಈ ನಾಯಿ ಪೊಲೀಸು ಕೆಲಸಕ್ಕೆ ಒದಗದೆಂದು ದಳದ ಹಿರಿಯ ತರಬೇತುದಾರನು ಆಗಲೇ ತೀರ್ಮಾನಿಸಿದ್ದಾನೆ. ಜೇಮ್ಸ್ ಅದನ್ನೇ ಬೇಡುತ್ತಾನೆ. ಇಬ್ಬರೂ ಗಾಯಾಳುಗಳು, ಇಬ್ಬರಿಗೂ ನಿದ್ರೆ ಇಲ್ಲ. ಇವರು ಒಬ್ಬರನ್ನೊಬ್ಬರು ನಂಬಲು ಕಲಿಯುವುದೂ, ಆ ಹೊಂಚುದಾಳಿಯ ಅಪರಾಧಿಗಳನ್ನು ಪತ್ತೆಹಚ್ಚುವುದೂ ಹೆಣೆದುಕೊಂಡು ಸಾಗುತ್ತವೆ.

ಮೂಲದಲ್ಲಿ ಮ್ಯಾಗಿಗೆ ಉದ್ದಕ್ಕೂ ಸ್ತ್ರೀವಾಚಕ ಸರ್ವನಾಮವೇ ಬಳಕೆಯಾಗಿದೆ. ನಮ್ಮ ವ್ಯಾಕರಣದಂತೆ ನಾಯಿ ನಪುಂಸಕಲಿಂಗ. ಆದ್ದರಿಂದ ನಾವು ‘ಅದು’ ಎಂದೇ ಬರೆದಿದ್ದೇವೆ. ಬರೆಯುವಾಗ ಕೈ ಎರಡು ಮೂರು ಕಡೆ ತಡೆದದ್ದನ್ನು ಒಪ್ಪಿಕೊಳ್ಳಬೇಕು. ‘ಅದು’ ಎನ್ನಬೇಕೆ, ‘ಅವಳು’ ಎನ್ನಬೇಕೆ ಎಂಬುದು ಕೇವಲ ವ್ಯಾಕರಣದ ಪ್ರಶ್ನೆಯಲ್ಲವೆಂಬುದು ಮುಂದೆ ತಿಳಿದುಬರುತ್ತದೆ.

ಈಗ ವಾಚಕರ ಅಭಿಪ್ರಾಯಗಳನ್ನು ನೋಡಬಹುದು. ಅವರಲ್ಲಿ ಬಹುಮಂದಿ ಒಪ್ಪುವ ಸಂಗತಿ ಒಂದೇ: ಪುಸ್ತಕದ ಜೀವಾಳ ಮ್ಯಾಗಿ. ಪತ್ತೆಯ ಭಾಗ ಸಾಮಾನ್ಯವೆಂದೂ, ಪೊಲೀಸರೊಳಗಿನ ದ್ರೋಹಿಯ ಕಥೆಯನ್ನು ಈ ಹಿಂದೆಯೇ ಅನೇಕ ಕಡೆ ಓದಿದ್ದಾಯಿತೆಂದೂ ದೂರುವವರು ಕೂಡ ಆ ಮಾತನ್ನು ನಾಯಿಯನ್ನು ಹೊಗಳಿದ ಮೇಲೆಯೇ ಆಡುತ್ತಾರೆ. ದೂರಿದ ಮೇಲೂ ಪುಸ್ತಕವನ್ನು ಇತರರಿಗೆ ಕೊಡುತ್ತಾರೆ. ಕಥೆಯ ಕಟ್ಟು ಸಡಿಲವಾದರೆ ಪತ್ತೇದಾರಿ ಕಾದಂಬರಿಯ ಓದುಗನು ಕ್ಷಮಿಸುವವನಲ್ಲ. ಇಲ್ಲಿ ಮಾತ್ರ ಕ್ಷಮೆ ಧಾರಾಳವಾಗಿ ದೊರೆತಿದೆ.

ಹೆಚ್ಚು ವಿವಾದ ಹುಟ್ಟಿರುವುದು ನಾಯಿಯ ದೃಷ್ಟಿಯಿಂದ ಬರೆದ ಅಧ್ಯಾಯಗಳ ಬಗೆಗೆ. ಕ್ರೇಸ್ ಅವರು ಇಲ್ಲಿ ವಾಸನೆಯನ್ನೇ ಭಾಷೆಯನ್ನಾಗಿ ಮಾಡಿಕೊಂಡಿದ್ದಾರೆ. ಮನುಷ್ಯನ ಭಯ, ಬೆವರು, ಸುಳ್ಳು ಧೈರ್ಯ ಎಲ್ಲವೂ ಮ್ಯಾಗಿಗೆ ಮೂಗಿನಿಂದ ತಿಳಿಯುತ್ತವೆ. ಇದನ್ನು ಮೆಚ್ಚುವವರು, ನಾಯಿಯನ್ನು ಮನುಷ್ಯನಂತೆ ಮಾತನಾಡಿಸದೆಯೇ ಅದರ ಮನಸ್ಸನ್ನು ತೋರಿಸಿದ್ದಾರೆಂದು ಹೇಳುತ್ತಾರೆ. ಒಪ್ಪದವರು, ನಾಯಿಯ ತಲೆಯೊಳಗೆ ಹೊಕ್ಕು ಬಂದೆನೆಂಬ ಲೇಖಕನನ್ನು ನಂಬುವುದು ಹೇಗೆ ಎನ್ನುತ್ತಾರೆ. ಇಂತಹ ಆಘಾತವನ್ನು ಹೊತ್ತ ನಾಯಿ ಕೆಲವೇ ದಿನಗಳಲ್ಲಿ ಇನ್ನೊಬ್ಬ ಪಾಲಕನಿಗೆ ಒಗ್ಗೀತೆ, ಪೊಲೀಸು ಇಲಾಖೆ ಅದನ್ನು ಇಟ್ಟುಕೊಂಡೀತೆ ಎಂದು ಕೇಳುವವರೂ ಉಂಟು. ಈ ಕೊನೆಯ ಆಕ್ಷೇಪ ನಮಗೆ ಯುಕ್ತವಾಗಿಯೇ ತೋರುತ್ತದೆ. ಕಾದಂಬರಿಯ ಕಾಲಗತಿ ಗಾಯದ ಕಾಲಗತಿಗಿಂತ ವೇಗವಾದುದು.

ಆದರೆ ನಮ್ಮ ಗಮನವನ್ನು ಹೆಚ್ಚಾಗಿ ಸೆಳೆದದ್ದು ಒಂದು ಪ್ರಶ್ನೆ. ಮೊದಲನೆಯ ಅಧ್ಯಾಯವನ್ನು ಓದಿ ಪುಸ್ತಕವನ್ನು ಮುಚ್ಚಿಟ್ಟವರು, ನಾಯಿ ಕೊನೆಗೆ ಉಳಿಯುವುದೋ ಇಲ್ಲವೋ ಎಂದು ಬೇರೊಬ್ಬರಿಂದ ಕೇಳಿ ತಿಳಿದುಕೊಂಡ ಮೇಲೆ ಮಾತ್ರ ಮುಂದುವರಿದವರು, ಹಲವರಿದ್ದಾರೆ. ಈ ಪುಸ್ತಕವನ್ನು ನಾವು ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೊಬ್ಬನಿಗೆ ಕೊಟ್ಟಿದ್ದೆವು. ಅವನು ಮರುದಿನವೇ ಬಂದು, “ಸರ್, ಆ ನಾಯಿ ಉಳಿಯುತ್ತದೆಯೆ? ಅಷ್ಟು ಹೇಳಿಬಿಡಿ, ಮಿಕ್ಕದ್ದನ್ನು ನಾನೇ ಓದುತ್ತೇನೆ” ಎಂದನು. ಪಾಲಕ ಸೈನಿಕನ ಸಾವು, ಮಹಿಳಾ ಅಧಿಕಾರಿಯ ಸಾವು, ಮುಂದೆ ಬೀಳುವ ಹೆಣಗಳು ಯಾವುವೂ ಅವನನ್ನು ತಡೆದಿರಲಿಲ್ಲ. ಪತ್ತೇದಾರಿ ಕಾದಂಬರಿಯ ಅಂತ್ಯವನ್ನು ಮೊದಲೇ ತಿಳಿಸಬಾರದೆಂಬ ನಿಯಮವನ್ನು ವಾಚಕನೇ ಕೈಯಾರೆ ಮುರಿಯುವ ಸಂದರ್ಭ ಇದೊಂದೇ ಇರಬೇಕು. ನಾಯಿ ಉಳಿಯುತ್ತದೆಂದು ನಾವು ಹೇಳಿದೆವು.

ಈ ಆತಂಕವನ್ನು ಮನಸ್ಸಿನ ಮೆದುತನವೆಂದು ತಳ್ಳಿಹಾಕುವ ವಿಮರ್ಶಕರಿದ್ದಾರೆ. ಅದರ ಹಿಂದೆ ಒಂದು ಇತಿಹಾಸವಿದೆಯೆಂದು ನಾವು ಭಾವಿಸುತ್ತೇವೆ.

ಅಮೆರಿಕದ ಸೇನೆ ಎರಡನೆಯ ಮಹಾಯುದ್ಧದಲ್ಲಿ, 1942ರಿಂದ, ಜನರ ಮನೆಗಳಿಂದಲೇ ನಾಯಿಗಳನ್ನು ಪಡೆಯಿತು. ಮನೆಯವರು ತಾವು ಸಾಕಿದ ನಾಯಿಯನ್ನು ದಾನವಾಗಿ ಕೊಡುತ್ತಿದ್ದರು. ಅವುಗಳಲ್ಲಿ ಚಿಪ್ಸ್ ಎಂಬುದು 1943ರ ಜುಲೈಯಲ್ಲಿ ಸಿಸಿಲಿಯ ಕರಾವಳಿಯಲ್ಲಿ ಮೆಷಿನ್‌ಗನ್ನಿನ ಅಡಗುತಾಣವೊಂದಕ್ಕೆ ನುಗ್ಗಿ ಅಲ್ಲಿದ್ದ ಶತ್ರುಸೈನಿಕರು ಹೊರಬಂದು ಶರಣಾಗುವಂತೆ ಮಾಡಿತು. ಅದಕ್ಕೆ ಶೌರ್ಯಪದಕಗಳನ್ನು ಕೊಟ್ಟರು. ಮನುಷ್ಯರಿಗಾಗಿ ಏರ್ಪಟ್ಟ ಪದಕ ಪ್ರಾಣಿಗೆ ಸಲ್ಲದೆಂಬ ಆಕ್ಷೇಪ ಬಂದ ಮೇಲೆ ಹಿಂದಕ್ಕೆ ಪಡೆದರು. ಯುದ್ಧ ಮುಗಿದ ತರುವಾಯ ಚಿಪ್ಸ್ ತನ್ನ ಹಳೆಯ ಮನೆಗೆ ಮರಳಿತು. ಬ್ರಿಟನ್ನಿನಲ್ಲಿ ಪ್ರಾಣಿಗಳಿಗೆಂದೇ 1943ರಲ್ಲಿ ಸ್ಥಾಪಿತವಾದ ಡಿಕಿನ್ ಪದಕ ಅದಕ್ಕೆ ದೊರೆತದ್ದು 2018ರಲ್ಲಿ, ಸತ್ತು ಎಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ. ಚಿಪ್ಸ್ ಮಾತ್ರವಲ್ಲ, ಆ ಯುದ್ಧದಲ್ಲಿ ಉಳಿದ ನಾಯಿಗಳಲ್ಲಿ ಬಹುಪಾಲನ್ನು ಮತ್ತೆ ಮನೆಯ ಬಾಳಿಗೆ ಪಳಗಿಸಿ ಜನರಿಗೆ ಒಪ್ಪಿಸಲಾಯಿತು.

ವಿಯೆಟ್ನಾಂನಲ್ಲಿ ಹೀಗಾಗಲಿಲ್ಲ. ಅಲ್ಲಿ ದುಡಿದ ಅಮೆರಿಕದ ನಾಯಿಗಳು ಸುಮಾರು 4,000. ಸ್ವದೇಶಕ್ಕೆ ಮರಳಿದವು ಸುಮಾರು 200. ಮಿಕ್ಕವುಗಳಲ್ಲಿ ಯುದ್ಧದಲ್ಲಿ ಮಡಿದವನ್ನು ಬಿಟ್ಟು ಉಳಿದವುಗಳನ್ನು ಕೊಂದರು, ಇಲ್ಲವೆ ದಕ್ಷಿಣ ವಿಯೆಟ್ನಾಂನ ಸೇನೆಗೆ ಬಿಟ್ಟುಬಂದರು. ಸೇನೆಯ ಲೆಕ್ಕದಲ್ಲಿ ನಾಯಿ ಸಾಮಗ್ರಿ. ಬೇಡವಾದ ಸಾಮಗ್ರಿಯನ್ನು ಹಡಗಿಗೆ ಹೇರಿ ತರುವ ಪದ್ಧತಿ ಇರಲಿಲ್ಲ. ಇದಕ್ಕೆ ವಿರುದ್ಧವಾಗಿ, ನಾಯಿಯು ತನ್ನ ಪಾಲಕನಿಗಿಂತ ಒಂದು ದರ್ಜೆ ಮೇಲಿನದೆಂದು ಎಣಿಸುವ ವಾಡಿಕೆ ಸೈನಿಕರಲ್ಲಿ ಇದೆ. ನಾಯಿಯನ್ನು ದಂಡಿಸಹೊರಟವನಿಗೆ, ಅದು ನಿನ್ನ ಮೇಲಧಿಕಾರಿ ಎಂಬ ನೆನಪಿರಬೇಕಂತೆ. ಕಡತದಲ್ಲಿ ಸಾಮಗ್ರಿ, ಕಂದಕದಲ್ಲಿ ಮೇಲಧಿಕಾರಿ. ತಮ್ಮ ಪ್ರಾಣವನ್ನು ಉಳಿಸಿದ ಜೀವವನ್ನು ಬಿಟ್ಟುಬಂದ ಆ ಪಾಲಕರು ಮುಂದೆ ಅನೇಕ ವರ್ಷಗಳವರೆಗೆ ಈ ವಿಷಯವನ್ನು ಬಿಡಲಿಲ್ಲ. ಕೊನೆಗೆ 2000ದ ನವೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಅವರು ಸಹಿ ಮಾಡಿದ ಶಾಸನದಿಂದ, ನಿವೃತ್ತಿ ಹೊಂದಿದ ಸೇನಾ ನಾಯಿಯನ್ನು ಸಾಕಿಕೊಳ್ಳುವ ಅವಕಾಶ ಪಾಲಕರಿಗೂ ಇತರರಿಗೂ ಉಂಟಾಯಿತು. ರಾಬಿ ಎಂಬ ನಾಯಿಯ ಹೆಸರಿನಿಂದ ಆ ಶಾಸನ ಪ್ರಸಿದ್ಧವಾಗಿದೆ. ಅದರ ಪ್ರಯೋಜನ ರಾಬಿಗೆ ದೊರೆಯಲಿಲ್ಲ. ಕೀಲುರೋಗದಿಂದ ಜರ್ಜರಿತವಾಗಿದ್ದ ಅದನ್ನು 2001ರ ಜನವರಿಯಲ್ಲಿ ದಯಾಮರಣಕ್ಕೆ ಗುರಿಪಡಿಸಿದರು.

ಕಾದಂಬರಿ ಹೊರಬರುವುದಕ್ಕೆ ಮುಂಚಿನ ಎರಡು ಮೂರು ವರ್ಷಗಳಲ್ಲಿ ಈ ವಿಷಯ ಪುನಃ ಜನರ ಮನಸ್ಸಿಗೆ ಬಂದಿತ್ತು. 2010ರ ಡಿಸೆಂಬರಿನಲ್ಲಿ ಅಫಘಾನಿಸ್ತಾನದ ಸಂಗಿನ್ ಎಂಬಲ್ಲಿ ಸೈನಿಕನೊಬ್ಬನು ಮಡಿದಾಗ ಅವನ ನಾಯಿ ಎಲೈ ಸಹಸೈನಿಕರನ್ನು ಹತ್ತಿರ ಸೇರಿಸಲಿಲ್ಲವೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಮೃತನ ತಂದೆತಾಯಿಗಳು ಆ ನಾಯಿಯನ್ನು ಮನೆಗೆ ಕರೆತಂದರು. 2011ರ ಮೇ ತಿಂಗಳಲ್ಲಿ ಅಬ್ಬೊಟ್ಟಾಬಾದಿನ ದಾಳಿಯಲ್ಲಿ ಕೈರೋ ಎಂಬ ನಾಯಿಯೂ ಇದ್ದಿತೆಂದು ತಿಳಿದು ಜನರ ಕುತೂಹಲ ಇಮ್ಮಡಿಸಿತು. ಅದೇ ವರ್ಷದ ಕೊನೆಯಲ್ಲಿ, ಅಮೆರಿಕದ ಪಡೆಗಳೊಡನೆ ನಿಯುಕ್ತವಾಗಿದ್ದ ಸುಮಾರು 650 ನಾಯಿಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಯುದ್ಧಾಘಾತದ ಮನೋವ್ಯಾಧಿಯಿಂದ ನರಳುತ್ತಿವೆ ಎಂಬ ವರದಿ ಪ್ರಕಟವಾಯಿತು. ಟೆಕ್ಸಾಸಿನ ಲ್ಯಾಕ್‌ಲ್ಯಾಂಡ್ ವಾಯುನೆಲೆಯ ಪಶುವೈದ್ಯ ಡಾ. ವಾಲ್ಟರ್ ಬರ್ಗ್‌ಹಾರ್ಟ್ ಅವರು ಈ ರೋಗವನ್ನು ಕುರಿತು ಕೆಲಸ ಮಾಡಿದವರಲ್ಲಿ ಪ್ರಮುಖರು. ಮನುಷ್ಯರಲ್ಲಿ ಈ ವ್ಯಾಧಿಗೆ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಹೆಸರು ದೊರೆತದ್ದೇ 1980ರಲ್ಲಿ. ಮೂವತ್ತು ವರ್ಷಗಳ ಅಂತರದಲ್ಲಿ ಅದೇ ಹೆಸರು ನಾಯಿಗೂ ಸಂದಿತು.

ಈ ಹಿನ್ನೆಲೆಯಲ್ಲಿ ನೋಡಿದರೆ, ನಾಯಿ ಉಳಿಯುವುದೆ ಎಂಬ ಪ್ರಶ್ನೆ ಬೇರೆಯೇ ಅರ್ಥವನ್ನು ಪಡೆಯುತ್ತದೆ. ದುಡಿದು ಕೆಟ್ಟ ಜೀವವನ್ನು ಈ ಬಾರಿಯಾದರೂ ಮನೆಗೆ ತರುವಿರಾ ಎಂಬುದು ಅದರ ತಾತ್ಪರ್ಯ. ಮ್ಯಾಗಿ ಕೆಲಸಕ್ಕೆ ಬಾರದೆಂದು ತೀರ್ಮಾನವಾದಾಗ ವಾಚಕನಿಗೆ ಆಗುವ ಕೋಪ ಕಾದಂಬರಿಯ ತರಬೇತುದಾರನ ಮೇಲಿನ ಕೋಪ ಮಾತ್ರವಲ್ಲ. ಎಲ್ಲ ವಾಚಕರೂ ವಿಯೆಟ್ನಾಂನ ಕಥೆಯನ್ನು ತಿಳಿದೇ ಓದುತ್ತಾರೆಂದು ನಾವು ಹೇಳುವುದಿಲ್ಲ. ತಿಳಿಯದವರೂ ಆ ಋಣದ ಭಾರವನ್ನು ಹೊತ್ತ ಸಮಾಜದಲ್ಲಿ ಬೆಳೆದವರು.

ಇಷ್ಟು ಬದಲಾವಣೆ ಆಗಿದೆಯೆಂಬುದಕ್ಕೆ ಇನ್ನೊಂದು ಕಾದಂಬರಿಯೇ ಸಾಕ್ಷಿ. 1972ರಲ್ಲಿ, ವಿಯೆಟ್ನಾಂ ಯುದ್ಧ ಇನ್ನೂ ನಡೆಯುತ್ತಿದ್ದಾಗ, ಡೇವಿಡ್ ಮೊರೆಲ್ ಅವರ ‘ಫಸ್ಟ್ ಬ್ಲಡ್’ ಪ್ರಕಟವಾಯಿತು. ಯುದ್ಧದಿಂದ ಮರಳಿದ ರ್‍ಯಾಂಬೊ ಅದರ ನಾಯಕ. ಊರಿನ ಪೊಲೀಸರು ಬೇಟೆನಾಯಿಗಳನ್ನು ಬಿಟ್ಟು ಅವನನ್ನು ಬೆಟ್ಟಗಾಡಿನಲ್ಲಿ ಅಟ್ಟುತ್ತಾರೆ. ಅವನು ನಾಯಿಗಳಿಗೆ ಗುಂಡಿಕ್ಕುತ್ತಾನೆ. ಅಲ್ಲಿ ನಾಯಿಯಿರುವುದು ಬೆನ್ನಟ್ಟುವವರ ಪಕ್ಷದಲ್ಲಿ, ಮರಳಿದ ಸೈನಿಕನಿಗೆ ವಿರುದ್ಧವಾಗಿ. ನಲವತ್ತೊಂದು ವರ್ಷಗಳ ತರುವಾಯ ಕ್ರೇಸ್ ಅವರ ಪುಸ್ತಕದಲ್ಲಿ ಮರಳಿದ ಸೈನಿಕನ ಸ್ಥಾನದಲ್ಲಿಯೇ ನಾಯಿ ನಿಂತಿದೆ.

ನಾಯಿ ಉಳಿಯಲೇಬೇಕೆಂಬ ಈ ಹಟ ಎಲ್ಲ ಕಾಲಕ್ಕೂ ಸಹಜವಾದುದೇ ಎಂದು ಕೇಳಬಹುದು. ಮಹಾಪ್ರಸ್ಥಾನದಲ್ಲಿ ತಮ್ಮಂದಿರೂ ದ್ರೌಪದಿಯೂ ಬಿದ್ದ ಮೇಲೆ ಧರ್ಮರಾಯನ ಜತೆಯಲ್ಲಿ ಉಳಿದದ್ದು ನಾಯಿಯೊಂದೇ ಎಂಬುದನ್ನು ಬಲ್ಲ ನಮಗೆ ಹೌದೆನ್ನಬೇಕೆನಿಸುತ್ತದೆ. ಆದರೆ ನಮ್ಮ ನಾಡಿನದೇ ಆದ ಆತಕೂರಿನ ಶಾಸನ ಬೇರೆ ಉತ್ತರವನ್ನು ಕೊಡುತ್ತದೆ. ಕಾದಂಬರಿಗೂ ಅದಕ್ಕೂ ಸಂಬಂಧವೇನೂ ಇಲ್ಲ. ಹೋಲಿಕೆಗಾಗಿ ಮಾತ್ರ ಇಲ್ಲಿ ತೆಗೆದುಕೊಂಡಿದ್ದೇವೆ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಕಾಳಗದಲ್ಲಿ ಗಂಗ ಬೂತುಗನ ಭಟನಾದ ಮಣಲೆರನು ಪರಾಕ್ರಮದಿಂದ ಕಾದಿದನು. ಒಡೆಯನು ಮೆಚ್ಚಿ ಬೇಕಾದುದನ್ನು ಕೇಳೆನ್ನಲು, ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಕಲ್ಲನ್ನು ನೆಟ್ಟು, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಶಾಸನದ ಕಾಲ ಕ್ರಿ.ಶ. 949-50. ಕಾಳಿ ಸತ್ತದ್ದನ್ನು ಆ ಕಾಲದವರು ಮರೆಮಾಡಲಿಲ್ಲ. ಸತ್ತುದರಿಂದಲೇ ಅದಕ್ಕೆ ಕಲ್ಲು, ಹೆಸರು, ಪೂಜೆ ಎಲ್ಲವೂ ಸಂದವು. ಸತ್ತ ವೀರನಿಗೆ ಏನು ಸಲ್ಲಬೇಕೆಂಬುದು ಅಲ್ಲಿ ನಿಶ್ಚಿತವಾಗಿತ್ತು. ಅದೇ ನಾಯಿಗೂ ಸಂದಿತು. ಅಂತಹ ನಿಶ್ಚಯವಿಲ್ಲದ ಕಡೆ ವಾಚಕನು ನಾಯಿಯ ಪ್ರಾಣವನ್ನಾದರೂ ಉಳಿಸಿಕೊಡಿರೆಂದು ಕೇಳುತ್ತಾನೆ ಎಂಬುದು ನಮ್ಮ ಊಹೆ. ಇದನ್ನು ಊಹೆಯೆಂದೇ ಪರಿಗಣಿಸಬೇಕು.

ವಾಚಕರ ಅಭಿಪ್ರಾಯ ವಾಚಕರ ವಿಷಯದಲ್ಲಿ ಸಾಕ್ಷ್ಯವೇ ಹೊರತು ನಾಯಿಗಳ ವಿಷಯದಲ್ಲಿ ಅಲ್ಲವೆಂಬ ಎಚ್ಚರವೂ ಅಗತ್ಯ. ಮ್ಯಾಗಿ ಚೇತರಿಸಿಕೊಂಡಿತೆಂದು ಸಂತೋಷಪಟ್ಟವನು ನಿಜವಾದ ಸೇನಾ ನಾಯಿಗಳೆಲ್ಲ ಹಾಗೆಯೇ ಚೇತರಿಸಿಕೊಳ್ಳುತ್ತವೆಂದು ತಿಳಿದರೆ, ಪುಸ್ತಕ ಅವನಿಗೆ ಉಪಕಾರ ಮಾಡಿದಂತಾಗುವುದಿಲ್ಲ. ಅವುಗಳನ್ನು ಸ್ವದೇಶಕ್ಕೆ ಕರೆತಂದು, ಸಾಕುವ ಹಕ್ಕಿನಲ್ಲಿ ಪಾಲಕರಿಗೆ ಆದ್ಯತೆ ಕೊಡಬೇಕೆಂಬ ವಿಧಿ ಅಮೆರಿಕದಲ್ಲಿ ಬಂದದ್ದು 2015ರ ನವೆಂಬರಿನಲ್ಲಿ, ಕಾದಂಬರಿ ಪ್ರಕಟವಾಗಿ ಎರಡು ವರ್ಷಗಳು ಕಳೆದ ಮೇಲೆ. ಅದೇ 2015ರಲ್ಲಿ ಕ್ರೇಸ್ ಅವರು ‘ದಿ ಪ್ರಾಮಿಸ್’ ಕಾದಂಬರಿಯಲ್ಲಿ ಜೇಮ್ಸ್ ಮತ್ತು ಮ್ಯಾಗಿಯರನ್ನು ಎಲ್ವಿಸ್ ಕೋಲ್ ಮತ್ತು ಜೋ ಪೈಕ್ ಅವರ ಕಥೆಯೊಳಕ್ಕೆ ಕರೆತಂದರು. ಕೋಲನನ್ನು ಬಹುಕಾಲದಿಂದ ಬಲ್ಲ ವಾಚಕರಲ್ಲಿಯೂ ಕೆಲವರು, ನಾಯಿಗೆ ಇನ್ನಷ್ಟು ಪುಟಗಳನ್ನು ಕೊಡಬಹುದಾಗಿತ್ತೆಂದು ಹೇಳಿದರು.