ಟರ್ಬೊ ಕಾರಿನೊಳಗೆ ‘ಬಚ್ಚಿಟ್ಟ’ ಪವರ್ ಯಾರಿಗಾಗಿ?

“ಕಂಪನಿಯವರು ಪವರ್ ಬಚ್ಚಿಟ್ಟಾರ, ನಾವು ಬರೇ ಬೀಗ ತೆಗೀತೀವಿ.” ಕಾರು ಟ್ಯೂನಿಂಗ್ ಮಾರುವವರ ಮಾತು ಯಾವ ಊರಲ್ಲೂ ಹೆಚ್ಚುಕಮ್ಮಿ ಇದೇ. ಲ್ಯಾಪ್‌ಟಾಪ್, ಒಂದು ಕೇಬಲ್, ಅರ್ಧ ಗಂಟೆ ಕೆಲಸ. 100 ಪಿಎಸ್ ಕಾರು 125 ಪಿಎಸ್ ಆಗುತ್ತೆ ಅನ್ನೋ ಭರವಸೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಕೆಎ-26 ನಂಬರಿನ ಸಣ್ಣ ಟರ್ಬೊ ಕಾರುಗಳು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗೋ ವಯಸ್ಸಿಗೆ ಬಂದಿವೆ. ಸಾಲ ಮಾಡಿ ಕೊಂಡ ಕಾರು. ಅದರಲ್ಲೇ ಬಾಡಿಗೆ, ಅದರಲ್ಲೇ ಮದುವೆ, ಅದರಲ್ಲೇ ರಾತ್ರಿ ಹುಬ್ಬಳ್ಳಿ ಆಸ್ಪತ್ರೆಗೆ ಓಟ. ಹಾಗಾಗಿ ಇದು ಬರೀ ಶೋಕಿಯ ವಿಷಯ ಅಲ್ಲ.

ಬಚ್ಚಿಟ್ಟ ಪವರ್ ನಿಜಕ್ಕೂ ಇದೆಯಾ? ಇದೆ. ಆದರೆ ಅದನ್ನ ಯಾಕೆ ಇಟ್ಟಿದ್ದಾರೆ ಅನ್ನೋದನ್ನ ಮಾರುವವರು ಹೇಳಲ್ಲ.

ಮೊದಲು, ಇಷ್ಟು ಪುಟ್ಟ ಎಂಜಿನ್‌ಗೆ ಟರ್ಬೊ ಬಂದದ್ದು ಹೇಗೆ ನೋಡೋಣ. ಇದು ಎಂಜಿನಿಯರಿಂಗ್‌ನಷ್ಟೇ ತೆರಿಗೆಯ ಕತೆ. 2006ರ ಬಜೆಟ್‌ನಲ್ಲಿ ಸಣ್ಣ ಕಾರಿನ ಎಕ್ಸೈಸ್ ಸುಂಕ 24 ಪರ್ಸೆಂಟ್‌ನಿಂದ 16ಕ್ಕೆ ಇಳಿಯಿತು. ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ಮೀರಬಾರದು ಅನ್ನೋದು ಷರತ್ತು. ಅದೇ ಗೆರೆ ಇವತ್ತಿಗೂ ಇದೆ: 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿದ್ದರೆ ಜಿಎಸ್‌ಟಿ 18 ಪರ್ಸೆಂಟ್, ಹೊರಗಿದ್ದರೆ 40. ಗಿರಾಕಿಗೆ ಎಸ್‌ಯುವಿಯಂಥ ಗಾಡಿ ಬೇಕು, ಸರ್ಕಾರಕ್ಕೆ ಸಿಸಿ ಕಮ್ಮಿ ಇರಬೇಕು. ಎರಡನ್ನೂ ಹೊಂದಿಸೋಕೆ ಕಂಪನಿಗಳ ಕೈಲಿದ್ದ ಸುಲಭದ ದಾರಿ ಟರ್ಬೊ. ಫ್ರಾಂಕ್ಸ್‌ನ 998 ಸಿಸಿ ಎಂಜಿನ್ 100 ಪಿಎಸ್ ಕೊಡುತ್ತೆ, ವೆನ್ಯೂನ 998 ಸಿಸಿ 120, ನೆಕ್ಸಾನ್‌ನ 1199 ಸಿಸಿ ಕೂಡ 120. ಮೂರೇ ಸಿಲಿಂಡರ್.

ಟರ್ಬೊ ಮಾಡೋದು ಸರಳ ಕೆಲಸ. ಸೈಲೆನ್ಸರ್ ಕಡೆ ಹೋಗೋ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನ ಒತ್ತಿ ಎಂಜಿನ್‌ಗೆ ತುಂಬುತ್ತೆ. ಗಾಳಿ ಜಾಸ್ತಿ ಇದ್ದರೆ ಪೆಟ್ರೋಲ್ ಜಾಸ್ತಿ ಸುಡಬಹುದು. ಸಣ್ಣ ಟರ್ಬೊಗಳ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತು ದಾಟುತ್ತೆ, ಪೆಟ್ರೋಲ್ ಕಾರಿನಲ್ಲಿ ಅದರ ಮೂಲಕ ಹಾಯೋ ಹೊಗೆಯ ಬಿಸಿ 900 ಡಿಗ್ರಿ ಮೀರಬಹುದು. ಎಷ್ಟು ಒತ್ತಬೇಕು, ಸ್ಪಾರ್ಕ್ ಯಾವಾಗ ಕೊಡಬೇಕು, ಪೆಟ್ರೋಲ್ ಎಷ್ಟು ಸಿಂಪಡಿಸಬೇಕು ಅನ್ನೋದನ್ನೆಲ್ಲ ಇಸಿಯು ಅನ್ನೋ ಕಂಪ್ಯೂಟರ್ ನಿರ್ಧರಿಸುತ್ತೆ. ಟ್ಯೂನರ್ ಬದಲಾಯಿಸೋದು ಆ ಕಂಪ್ಯೂಟರ್‌ನ ಕೋಷ್ಟಕಗಳನ್ನ. ಅವನು ಹೊಸ ಪಿಸ್ಟನ್ ಹಾಕಲ್ಲ, ಹೊಸ ಕ್ಲಚ್ ಹಾಕಲ್ಲ. ಅಂಕಿ ಅಷ್ಟೇ ಬದಲಾಗೋದು.

ಕಂಪನಿಯ ಎಂಜಿನಿಯರ್ ಆ ಅಂಕಿ ಬರೆಯುವಾಗ ಅವನ ಕಣ್ಣ ಮುಂದೆ ಇರೋದು ಒಳ್ಳೆಯ ದಿನ ಅಲ್ಲ, ಅತಿ ಕೆಟ್ಟ ದಿನ. ಅದು ಹೇಗಿರುತ್ತೆ ಅಂತ ನೋಡೋಕೆ ಏಪ್ರಿಲ್‌ನಲ್ಲಿ ಗದಗದಿಂದ ಡಂಬಳದ ಮೇಲೆ ಮುಂಡರಗಿಗೆ ಹೋಗಿ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು 7 ಪರ್ಸೆಂಟ್ ಕಮ್ಮಿ. ಬಿಸಿಲು 25 ಡಿಗ್ರಿ ಬದಲು 40 ಇದ್ದರೆ ಗಾಳಿ ಇನ್ನೊಂದು 5 ಪರ್ಸೆಂಟ್ ತೆಳು. ಅಂದರೆ ಮಂಗಳೂರಿನ ತಂಪು ಬೆಳಗಿನಲ್ಲಿ ಸಿಗೋ ಗಾಳಿಯನ್ನೇ ಇಲ್ಲಿ ಎಂಜಿನ್‌ಗೆ ತುಂಬಬೇಕಾದರೆ ಟರ್ಬೊ ಆಗಲೇ ಹೆಚ್ಚು ದುಡಿಯಬೇಕು. ಹೆಚ್ಚು ಒತ್ತಿದಷ್ಟೂ ಗಾಳಿ ಹೆಚ್ಚು ಕಾಯುತ್ತೆ. ಕಾದ ಗಾಳಿಯನ್ನ ಇಂಟರ್‌ಕೂಲರ್ ತಣಿಸಬೇಕು, ಆದರೆ ಸುಗ್ಗಿಯಲ್ಲಿ ನಮ್ಮ ಕಡೆ ಒಕ್ಕಣೆ ನಡೆಯೋದೇ ಡಾಂಬರು ರಸ್ತೆ ಮೇಲೆ. ಹುರುಳಿ ಹೊಟ್ಟು, ಜೋಳದ ರವದಿ ಹಾರಿ ರೇಡಿಯೇಟರ್, ಇಂಟರ್‌ಕೂಲರ್‌ಗಳ ಸಂದಿಯಲ್ಲಿ ಕೂರುತ್ತೆ. ಎರೆಮಣ್ಣಿನ ಧೂಳಿಗೆ ಏರ್ ಫಿಲ್ಟರ್ ಅರ್ಧ ಕಟ್ಟಿಕೊಂಡಿರುತ್ತೆ. ಒಳಗೆ ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಆನ್. ಕಂಪನಿ ‘ಬಚ್ಚಿಟ್ಟ’ ಪವರ್‌ನ ದೊಡ್ಡ ಪಾಲು ಖರ್ಚಾಗೋದು ಇಲ್ಲೇ. ಜೋಳದ ಹಗೇವು ಇದ್ದ ಹಾಗೆ, ಬರಗಾಲಕ್ಕೆ ಅಂತ ಇಟ್ಟದ್ದು.

ಟ್ಯೂನರ್‌ಗಳಿಗೆ ಇನ್ನೊಂದು ವಾದ ಇದೆ: ಒಂದೇ ಎಂಜಿನ್‌ನ ಕಂಪನಿಯೇ ಎರಡು ಅಂಕಿಯಲ್ಲಿ ಮಾರಲ್ವಾ? ಮಾರುತ್ತೆ. ಹುಂಡೈನ 1 ಲೀಟರ್ ಟರ್ಬೊ ವೆನ್ಯೂನಲ್ಲಿ 120 ಪಿಎಸ್, ಗ್ರಾಂಡ್ ಐ10 ನಿಯೋಸ್‌ನಲ್ಲಿ ಬಂದಾಗ 100. ಆದರೆ ಟಾರ್ಕ್ ಎರಡರಲ್ಲೂ 172 ಎನ್ಎಂ. ಅಂದರೆ ದಿನನಿತ್ಯ ಓಡಿಸೋವಾಗ ಕಾಲಿಗೆ ಸಿಗೋ ಎಳೆತ ಒಂದೇ, ವ್ಯತ್ಯಾಸ ಬರೋದು ಎಂಜಿನ್ ಕಿರುಚೋ ಕಡೆಯ ಸುತ್ತುಗಳಲ್ಲಿ ಮಾತ್ರ. ಹಳೆಯ ಸ್ವಿಫ್ಟ್, ಡಿಜೈರ್‌ಗಳ 1.3 ಮಲ್ಟಿಜೆಟ್ ಡೀಸೆಲ್ 75 ಪಿಎಸ್‌ನಲ್ಲೂ ಇತ್ತು, ಬೇರೆ ಕಾರುಗಳಲ್ಲಿ 90ರಲ್ಲೂ ಇತ್ತು. ಅಲ್ಲಿ ಬೇರೆ ಇದ್ದದ್ದು ಸಾಫ್ಟ್‌ವೇರ್ ಮಾತ್ರ ಅಲ್ಲ, ಟರ್ಬೊನೇ ಬೇರೆ. 90 ಪಿಎಸ್‌ನದ್ದು ರೆಕ್ಕೆಗಳ ಕೋನ ಬದಲಾಗೋ ವಿಜಿಟಿ. ಮಹೀಂದ್ರದ 1.2 ಲೀಟರ್ ಟರ್ಬೊ 110 ಪಿಎಸ್‌ನದ್ದು ಪೆಟ್ರೋಲನ್ನ ಇನ್‌ಟೇಕ್ ಪೋರ್ಟಿನಲ್ಲಿ ಸಿಂಪಡಿಸಿದರೆ, 130ರದ್ದು ನೇರ ಸಿಲಿಂಡರ್ ಒಳಗೆ. ಬ್ರೋಷರ್‌ನಲ್ಲಿ ಸಿಸಿ ಒಂದೇ ಕಂಡರೂ ಒಳಗಿರೋದು ಬೇರೆ.

ಎಂಜಿನ್ ತಡೆದುಕೊಂಡರೂ ಮುಂದಿನದ್ದು ತಡೆಯಬೇಕಲ್ಲ. ರೆನೋ ಕೈಗರ್‌ನ 1 ಲೀಟರ್ ಟರ್ಬೊ ಮ್ಯಾನುಯಲ್ ಗೇರ್ ಜೊತೆ 160 ಎನ್ಎಂ ಕೊಡುತ್ತೆ, ಸಿವಿಟಿ ಆಟೊಮ್ಯಾಟಿಕ್ ಜೊತೆ 152. ಟ್ಯೂನ್ ಮಾಡಿದ ಕಾರಿನಲ್ಲಿ ಸಾಮಾನ್ಯವಾಗಿ ಮೊದಲು ಜಾರೋದೂ ಎಂಜಿನ್ ಅಲ್ಲ, ಕ್ಲಚ್.

ನಿಜವಾಗಿ ಹೆದರಬೇಕಾದದ್ದು ಸದ್ದಿಲ್ಲದೆ ಬರೋ ಇನ್ನೊಂದಕ್ಕೆ. ನಮ್ಮಲ್ಲಿ ಮೈಲೇಜ್ ಆಸೆಗೆ ಟಾಪ್ ಗೇರ್‌ನಲ್ಲೇ ಎಳೆಯೋ ಚಾಳಿ ಇದೆ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಐದನೇ ಗೇರ್‌ನಲ್ಲಿ 1500 ಸುತ್ತಿಗೆ ಇಳಿದಿರ್ತೀವಿ, ದಾರಿ ಬಿಟ್ಟ ತಕ್ಷಣ ಗೇರ್ ಇಳಿಸದೆ ಆಕ್ಸಿಲರೇಟರ್ ಪೂರ್ತಿ ತುಳೀತೀವಿ. ಹಳೆಯ ಮಾರುತಿ 800 ಹೀಗೆ ಮಾಡಿದರೆ ಗೊಣಗುತ್ತಿತ್ತು ಅಷ್ಟೇ. ಟರ್ಬೊ ಎಂಜಿನ್ ಗೊಣಗಲ್ಲ, ಎಳೆಯುತ್ತೆ. ಕಡಿಮೆ ಸುತ್ತು, ಪೂರ್ತಿ ಒತ್ತಡ ಇರುವ ಆ ಹೊತ್ತಲ್ಲಿ ಸಿಲಿಂಡರ್ ಗೋಡೆಯ ಆಯಿಲ್ ಪೆಟ್ರೋಲ್ ಜೊತೆ ಬೆರೆತು, ಅದರ ಹನಿಯೊಂದು ಸ್ಪಾರ್ಕ್ ಬರೋಕೆ ಮೊದಲೇ ಹೊತ್ತಿಕೊಳ್ಳಬಹುದು. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸ್ಫೋಟ ಅದನ್ನ ಕೆಳಕ್ಕೆ ಗುದ್ದುತ್ತೆ. ಇದಕ್ಕೆ ಎಂಜಿನಿಯರ್‌ಗಳು ಎಲ್‌ಎಸ್‌ಪಿಐ ಅಂತಾರೆ. ಜೋರಾಗಿ ಆದರೆ ಪಿಸ್ಟನ್ ರಿಂಗ್ ಕೂರೋ ಅಂಚು ಒಡೆಯುತ್ತೆ, ಕನೆಕ್ಟಿಂಗ್ ರಾಡ್ ಬಾಗುತ್ತೆ. ಮಾಮೂಲಿ ನಾಕಿಂಗ್ ಆದರೆ ಸೆನ್ಸರ್ ಕೇಳಿಸಿಕೊಂಡು ಇಸಿಯು ಸ್ಪಾರ್ಕನ್ನ ತಡ ಮಾಡಿ ಕಾಪಾಡುತ್ತೆ. ಇಲ್ಲಿ ಸ್ಪಾರ್ಕ್ ಪಾತ್ರವೇ ಇಲ್ಲ, ಹಾಗಾಗಿ ಆ ಉಪಾಯ ನಡೆಯಲ್ಲ.

ಈ ಅಪಾಯ ಹೆಚ್ಚು ಇರೋದು ಪೆಟ್ರೋಲನ್ನ ನೇರ ಸಿಲಿಂಡರ್‌ಗೆ ಸಿಂಪಡಿಸೋ ಎಂಜಿನ್‌ಗಳಲ್ಲಿ: ವೆನ್ಯೂ, ಫ್ರಾಂಕ್ಸ್ ಬೂಸ್ಟರ್‌ಜೆಟ್, ಫೋಕ್ಸ್‌ವ್ಯಾಗನ್-ಸ್ಕೋಡಾದ ಟಿಎಸ್‌ಐ. ನೆಕ್ಸಾನ್, ಮ್ಯಾಗ್ನೈಟ್‌ಗಳದ್ದು ಪೋರ್ಟ್ ಇಂಜೆಕ್ಷನ್, ಅಪಾಯ ಕಡಿಮೆ. ಇದನ್ನ ತಡೆಯೋಕೆ ಎಂಜಿನ್ ಆಯಿಲ್‌ನ ರಸಾಯನವನ್ನೇ ಬದಲಿಸಿ 2018ರಲ್ಲಿ ಎಪಿಐ ಎಸ್ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಅನ್ನೋ ದರ್ಜೆಗಳು ಬಂದವು. ಕಂಪನಿಗಳು ಕಡಿಮೆ ಸುತ್ತಿನ ಟಾರ್ಕಿಗೆ ಮಿತಿ ಹಾಕೋದಕ್ಕೂ ಇದೊಂದು ಕಾರಣ. ‘ಸ್ಟೇಜ್ 1’ ಟ್ಯೂನ್ ಮೊದಲು ಎತ್ತೋದು ಅದೇ ಟಾರ್ಕನ್ನ, ಯಾಕಂದ್ರೆ ಟೆಸ್ಟ್ ಡ್ರೈವ್‌ನಲ್ಲಿ ಗಿರಾಕಿಯ ಬೆನ್ನು ಸೀಟಿಗೆ ಅಂಟೋದು ಅದರಿಂದಲೇ.

ಫೈಲ್ ಎಲ್ಲಿಂದ ಬಂತು ಅನ್ನೋದೂ ಕೇಳಬೇಕಾದ ಪ್ರಶ್ನೆ. ಡೈನೊ ಮೇಲೆ ಕಾರು ಓಡಿಸಿ, ಬಿಸಿ ಅಳೆದು, ಆ ಕಾರಿಗೇ ಅಂತ ಅಂಕಿ ಬರೆಯೋ ಟ್ಯೂನರ್‌ಗಳು ಇದ್ದಾರೆ, ಅವರ ಕೆಲಸಕ್ಕೆ ಬೆಲೆ ಇದೆ. ನಕಲಿ ಕೇಬಲ್ ಹಿಡಿದು, ಎಲ್ಲಿಂದಲೋ ಇಳಿಸಿಕೊಂಡ ಫೈಲ್ ತುಂಬುವವರೂ ಇದ್ದಾರೆ. ಯುರೋಪಿನ ಫೈಲ್ ಅಂದರೆ ಅಲ್ಲಿನ 95, 98 ಆಕ್ಟೇನ್ ಪೆಟ್ರೋಲ್, ಅಲ್ಲಿನ ಚಳಿ ನೋಡಿ ಬರೆದದ್ದು. ನಮ್ಮಲ್ಲಿ ಬಿಎಸ್6 ಬಂದ ಮೇಲೆ ಸಾದಾ ಪೆಟ್ರೋಲಿನ ಆಕ್ಟೇನ್ ಮಟ್ಟ 91 ಇತ್ತು.

‘ಇತ್ತು’ ಅಂದೆ. ಯಾಕಂದ್ರೆ ಅಷ್ಟರಲ್ಲಿ ಇನ್ನೊಬ್ಬ ಟ್ಯೂನರ್ ಬಂದ, ಸರ್ಕಾರ. ಇ20 ಪೆಟ್ರೋಲ್‌ಗೆ ಚಾಲನೆ ಕೊಟ್ಟದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. 2030ಕ್ಕೆ ಅಂತಿದ್ದ 20 ಪರ್ಸೆಂಟ್ ಎಥೆನಾಲ್ ಗುರಿಯನ್ನ 2025ಕ್ಕೆ ಎಳೆದು ತಂದರು. ಟರ್ಬೊ ಎಂಜಿನ್ ಮಟ್ಟಿಗೆ ಇದರಲ್ಲಿ ಲಾಭವೂ ಇದೆ: ಎಥೆನಾಲ್ ಆಕ್ಟೇನ್ ಏರಿಸುತ್ತೆ, ಆವಿಯಾಗುವಾಗ ಸಿಲಿಂಡರ್ ತಣಿಸುತ್ತೆ, ನಾಕಿಂಗ್ ಕಡಿಮೆಯಾಗುತ್ತೆ. ಇ20ಯ ಆಕ್ಟೇನ್ 95 ಅನ್ನುತ್ತೆ ಸರ್ಕಾರ. ನಷ್ಟ ಏನಂದರೆ ಲೀಟರ್ ಎಥೆನಾಲ್‌ನಲ್ಲಿರೋ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ. ಅಷ್ಟೇ ಕೆಲಸಕ್ಕೆ ಹೆಚ್ಚು ಇಂಧನ ಸಿಂಪಡಿಸಬೇಕು. ಕಂಪನಿ ಸೆಟ್ಟಿಂಗ್‌ನಲ್ಲಿರೋ ಕಾರಿನ ಇಸಿಯು ಇದನ್ನ ತಾನಾಗೇ ಸರಿದೂಗಿಸುತ್ತೆ, ಇಂಜೆಕ್ಟರ್, ಪಂಪ್‌ಗಳಲ್ಲಿ ಅದಕ್ಕೆ ಜಾಗ ಇರುತ್ತೆ. ಆ ಜಾಗವನ್ನ ಟ್ಯೂನ್ ಮೊದಲೇ ತಿಂದು ಹಾಕಿದ್ದರೆ? ಪೂರ್ತಿ ತುಳಿದಾಗ ಇಂಧನ ಸಾಲದೆ ಮಿಶ್ರಣ ತೆಳುವಾಗುತ್ತೆ. ಟರ್ಬೊ ಎಂಜಿನ್‌ನಲ್ಲಿ ತೆಳು ಮಿಶ್ರಣ ಅಂದರೆ ಇನ್ನಷ್ಟು ಬಿಸಿ. 2020-21ರಲ್ಲಿ, ಇ20 ಬರೋ ಮೊದಲು ಟ್ಯೂನ್ ಆದ ಕಾರು ಇವತ್ತು ಕುಡಿಯುತ್ತಿರೋದು ಆ ಫೈಲ್ ಬರೆದಾಗ ಇಲ್ಲದ ಇಂಧನ.

ಬೇರೆ ಆಯ್ಕೆ ಇದೆಯಾ? ಬಂಕಿನಲ್ಲಿ ಇ20 ಬಿಟ್ಟು ಬೇರೆ ಕೊಡಿ ಅಂತ ಹೋದ ಪಿಐಎಲ್ ಅನ್ನ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ನೀತಿ ಆಯೋಗದ 2021ರ ವರದಿಯೇ, ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳ ಮೈಲೇಜ್ 6-7 ಪರ್ಸೆಂಟ್ ಬೀಳಬಹುದು ಅಂದಿತ್ತು. ಮೈಲೇಜ್ ಬಿದ್ದಷ್ಟು ದರ ಇಳಿಯಲಿಲ್ಲ. ರೈತರಿಗಾಗಿ ಇದೆಲ್ಲ ಅನ್ನೋದು ಸರ್ಕಾರದ ಸಮರ್ಥನೆ. ಗೋವಿನಜೋಳದಿಂದ ತೆಗೆದ ಎಥೆನಾಲ್‌ಗೆ 2024-25ರಲ್ಲಿ ತೈಲ ಕಂಪನಿಗಳು ಲೀಟರಿಗೆ 71.86 ರೂಪಾಯಿ ಕೊಟ್ಟವು. 2025ರ ನವೆಂಬರ್‌ನಲ್ಲಿ ಲಕ್ಷ್ಮೇಶ್ವರದಲ್ಲಿ ಗೋವಿನಜೋಳ ಬೆಳೆದವರು ಖರೀದಿ ಕೇಂದ್ರ ತೆರೀರಿ ಅಂತ ಧರಣಿ ಕೂತಿದ್ದರು. ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ, ಪೇಟೆಯಲ್ಲಿ ಸಿಗುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಟ್ಯಾಂಕಿಗೆ ಎಥೆನಾಲ್ ಹಾಕಿಸಿ ಮೈಲೇಜ್ ಕಳಕೊಂಡವನೂ, ಅದರ ಕಚ್ಚಾಮಾಲು ಬೆಳೆದು ಬೆಲೆ ಕಳಕೊಂಡವನೂ ಒಂದೇ ಮನೆಯ ಅಪ್ಪ-ಮಗ ಆಗಿರೋ ಜಿಲ್ಲೆ ಇದು.

ಈಗ ಕಾನೂನು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ 182ಎ ಸೇರಿಸಿತು: ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸೆಕ್ಷನ್ 52ರಲ್ಲಿ ‘ಸಾಫ್ಟ್‌ವೇರ್’ ಅನ್ನೋ ಪದ ಇಲ್ಲ. ರಸ್ತೆ ಬದಿಯ ಹೊಗೆ ತಪಾಸಣೆಯಲ್ಲೂ ಇದು ಸಿಕ್ಕಿಬೀಳಲ್ಲ, ಪೆಟ್ರೋಲ್ ಕಾರನ್ನ ನಿಂತಲ್ಲೇ ಪರೀಕ್ಷಿಸೋದರಿಂದ ಟರ್ಬೊ ಒತ್ತಡವೇ ಏರಿರಲ್ಲ. ಹಾಗಾಗಿ ಪೊಲೀಸರ ಕೈಗೆ ಸಿಗೋದು ಸದ್ದು ಮಾಡೋ ಸೈಲೆನ್ಸರ್ ಮಾತ್ರ.

ದೊಡ್ಡವರ ಲೆಕ್ಕ ಬೇರೆ. ಪರೀಕ್ಷೆಯ ಹೊತ್ತಲ್ಲಿ ಮಾತ್ರ ಹೊಗೆ ಕಡಿಮೆ ಮಾಡೋ ಸಾಫ್ಟ್‌ವೇರ್ ಹಾಕಿ ಫೋಕ್ಸ್‌ವ್ಯಾಗನ್ 2015ರಲ್ಲಿ ಸಿಕ್ಕಿಬಿತ್ತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರು, ಭಾರತದಲ್ಲಿ ವಾಪಸ್ ಕರೆದದ್ದು 3.23 ಲಕ್ಷ. 2019ರ ಮಾರ್ಚ್‌ನಲ್ಲಿ ಎನ್‌ಜಿಟಿ 500 ಕೋಟಿ ದಂಡ ಹಾಕಿತು. ಎರಡೇ ತಿಂಗಳಲ್ಲಿ, ಬಲವಂತದ ಕ್ರಮ ಬೇಡ ಅಂತ ಸುಪ್ರೀಂ ಕೋರ್ಟಿನಿಂದ ಕಂಪನಿಗೆ ರಕ್ಷಣೆ ಸಿಕ್ಕಿತು.

ಟ್ಯೂನ್ ಮಾಡಿಸಿದವನಿಗೆ ಅಂಥ ರಕ್ಷಣೆ ಯಾವುದೂ ಇಲ್ಲ. ಹೊಸ ಇಸಿಯುಗಳಲ್ಲಿ ಎಷ್ಟು ಸಲ ಸಾಫ್ಟ್‌ವೇರ್ ಬರೆಯಲಾಗಿದೆ ಅನ್ನೋ ಲೆಕ್ಕ ಉಳಿಯುತ್ತೆ, ಹಳೆಯ ಫೈಲ್ ವಾಪಸ್ ಹಾಕಿದರೂ ಅಳಿಸಿಹೋಗೋದು ಕಷ್ಟ. ವಾರಂಟಿ ಹೋಗುತ್ತೆ. ಮಾರ್ಪಾಡು ಮುಚ್ಚಿಟ್ಟರೆ ಇನ್ಶೂರೆನ್ಸ್ ಕ್ಲೇಮಿಗೂ ತಕರಾರು ಬರುತ್ತೆ. ಅದಕ್ಕಿಂತ ಕಷ್ಟ ಆ ಕಾರನ್ನ ಎರಡನೇ ಕೈಯಲ್ಲಿ ಕೊಳ್ಳುವವನದ್ದು, ಅವನಿಗೆ ಏನೂ ಗೊತ್ತಿರಲ್ಲ. ಕೊಳ್ಳೋ ಮುಂಚೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನ್ ಮಾಡಿಸಿ, ಸಾಫ್ಟ್‌ವೇರ್ ಆವೃತ್ತಿ ಕಂಪನಿಯದ್ದೇನಾ ಕೇಳಿ. ಬಾನೆಟ್ ಎತ್ತಿದಾಗ ಮುಚ್ಚಿದ ಫಿಲ್ಟರ್ ಡಬ್ಬಿಯ ಬದಲು ತೆರೆದ ಕೋನ್ ಫಿಲ್ಟರ್ ಕಂಡರೆ, ಈ ಧೂಳಿನ ಊರಲ್ಲಿ ಅದು ಎಷ್ಟು ದಿನದಿಂದ ಇದೆ ಅಂತ ವಿಚಾರಿಸಿ. ಆಯಿಲ್ ಬಿಲ್‌ಗಳಲ್ಲಿ ದರ್ಜೆ ಏನಿದೆ ನೋಡಿ. ನಾಲ್ಕನೇ ಗೇರ್‌ನಲ್ಲಿ 2,000 ಸುತ್ತಿನ ಮೇಲೆ ಒಮ್ಮೆ ಪೂರ್ತಿ ತುಳಿಯಿರಿ. ಮುಳ್ಳು ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಮುಗಿದಿದೆ, ಮುಗಿಸಿದ್ದು ಯಾವುದು ಅಂತ ಮಾಲೀಕರನ್ನ ಕೇಳಿ.