ಪ್ಲಗ್-ಇನ್ ಹೈಬ್ರಿಡ್ ಕಾರು: ಈಗಲೇ ಕೊಳ್ಳುವುದೋ, ಕಾಯುವುದೋ?

ಯಂತ್ರಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿರುವ ಕಾಲದಲ್ಲಿ ಕೊಳ್ಳುವವನನ್ನು ಒಂದು ಸಂದೇಹ ಸದಾ ಕಾಡುತ್ತದೆ. ಇಂದು ಹಣ ತೆತ್ತು ತಂದ ವಸ್ತುವು ನಾಳೆ ಇನ್ನೂ ಉತ್ತಮವಾಗಿ, ಇನ್ನೂ ಅಗ್ಗವಾಗಿ ದೊರೆಯುವುದಾದರೆ ಕಾಯುವುದೇ ಜಾಣತನವಲ್ಲವೆ? ಅಮೆರಿಕ, ಚೀನಾ ಮತ್ತು ಯೂರೋಪಿನ ದೇಶಗಳಲ್ಲಿ ಪ್ಲಗ್-ಇನ್ ಹೈಬ್ರಿಡ್ ಎಂಬ ಬಗೆಯ ಮೋಟಾರು ಕಾರನ್ನು ಕೊಳ್ಳಬಯಸುವ ಸಂಸಾರಸ್ಥರ ಮುಂದೆ ಈಗ ಇದೇ ಪ್ರಶ್ನೆ ನಿಂತಿದೆ. ನಮ್ಮ ದೇಶದಲ್ಲಿ ಇಂಥ ಕಾರುಗಳು ಇನ್ನೂ ವಿರಳ. ದೊರೆಯುವ ಕೆಲವಾದರೋ ಬಲು ದುಬಾರಿ. ಆದರೂ ಈ ಪ್ರಶ್ನೆಯನ್ನು ಬಿಡಿಸುವ ಬಗೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಉಪಯುಕ್ತವಾದುದು. ಅಮೆರಿಕದ ನಿದರ್ಶನವನ್ನು ತೆಗೆದುಕೊಂಡು ಅದರ ಲೆಕ್ಕವನ್ನು ನಾವು ಮಾಡಿ ನೋಡೋಣ.

ಎರಡು ಯಂತ್ರಗಳ ಕಾರು

ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು 320 ಲಕ್ಷ ಜೌಲ್ ಶಾಖ ಹೊರಡುತ್ತದೆ. ನಮ್ಮ ಮನೆಯ ವಿದ್ಯುತ್ ಮೀಟರಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ಆದುದರಿಂದ ಒಂದು ಲೀಟರಿನಲ್ಲಿ ಹೆಚ್ಚುಕಡಿಮೆ ಒಂಬತ್ತು ಯೂನಿಟ್ ಶಕ್ತಿಯಿದೆ. ಆದರೆ ಸಾಧಾರಣ ಎಂಜಿನ್ನು ಇದರಲ್ಲಿ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟನ್ನು ಮಾತ್ರ ಚಕ್ರಗಳ ಕೆಲಸಕ್ಕೆ ಒದಗಿಸಬಲ್ಲುದು. ಉಳಿದುದು ಶಾಖವಾಗಿ ಹೊರಟುಹೋಗುತ್ತದೆ. ಇದಲ್ಲದೆ ಬ್ರೇಕು ಹಾಕಿದಾಗಲೆಲ್ಲ ಇನ್ನೊಂದು ನಷ್ಟ. 1,500 ಕಿಲೋಗ್ರಾಂ ತೂಕದ ಕಾರು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಚಲಿಸುತ್ತಿದ್ದರೆ ಅದರ ಚಲನಶಕ್ತಿ 3 ಲಕ್ಷ ಜೌಲ್. ಕಾರು ನಿಂತಾಗ ಇದೆಲ್ಲವೂ ಬ್ರೇಕಿನಲ್ಲಿ ಬಿಸಿಯಾಗಿ ವ್ಯರ್ಥವಾಗುತ್ತದೆ.

ಈ ಎರಡನೆಯ ನಷ್ಟವನ್ನು ತಗ್ಗಿಸುವುದಕ್ಕಾಗಿ ಹುಟ್ಟಿದುದೇ ಹೈಬ್ರಿಡ್ ಕಾರು. ಇದರಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ಒಂದು ವಿದ್ಯುತ್ ಮೋಟಾರೂ ಚಿಕ್ಕದೊಂದು ಬ್ಯಾಟರಿಯೂ ಇರುತ್ತವೆ. ವೇಗ ತಗ್ಗಿಸುವಾಗ ಮೋಟಾರು ಡೈನಮೋ ಆಗಿ ಕೆಲಸ ಮಾಡಿ, ಚಲನಶಕ್ತಿಯ ಬಹುಭಾಗವನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಆದರೆ ಈ ಕಾರಿನ ಶಕ್ತಿಯೆಲ್ಲವೂ ಮೂಲತಃ ಪೆಟ್ರೋಲಿನಿಂದಲೇ ಬಂದುದು. ಪ್ಲಗ್-ಇನ್ ಹೈಬ್ರಿಡ್ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇದರ ಬ್ಯಾಟರಿ ದೊಡ್ಡದು. ರಾತ್ರಿ ಮನೆಯ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಅದನ್ನು ತುಂಬಬಹುದು. ಬೆಳಗ್ಗೆ ಕೆಲವು ಹತ್ತು ಕಿಲೋಮೀಟರುಗಳನ್ನು ವಿದ್ಯುತ್ತಿನಿಂದಲೇ ಸಾಗಿ, ಬ್ಯಾಟರಿ ಬರಿದಾದ ಮೇಲೆ ಪೆಟ್ರೋಲಿಗೆ ಹೊರಳಬಹುದು.

ಚೀನಾದ ಬಿವೈಡಿ ಕಂಪನಿಯು 2008ರ ಡಿಸೆಂಬರಿನಲ್ಲಿ ಇಂಥ ಕಾರನ್ನು ಮಾರುಕಟ್ಟೆಗೆ ತಂದಿತು. 2010ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಷೆವರ್ಲೆ ವೋಲ್ಟ್ ಬಂದಿತು. ಅದರ 16 ಯೂನಿಟ್ಟಿನ ಬ್ಯಾಟರಿಯಿಂದ ಸುಮಾರು 56 ಕಿಲೋಮೀಟರ್ ಸಾಗಬಹುದಾಗಿತ್ತು. 2023ರ ಮಾದರಿಯ ಟೊಯೋಟಾ ಪ್ರಿಯಸ್ ಪ್ರೈಮ್ 13.6 ಯೂನಿಟ್ಟಿನ ಬ್ಯಾಟರಿಯಿಂದ ಸುಮಾರು 70 ಕಿಲೋಮೀಟರ್ ಸಾಗುತ್ತದೆ. ಬ್ಯಾಟರಿ ಕಿರಿದಾಯಿತು, ದಾರಿ ಹಿರಿದಾಯಿತು. ಇದನ್ನು ಕಂಡವರು ಇನ್ನಷ್ಟು ಕಾಯೋಣವೆಂದು ಯೋಚಿಸುವುದು ಸಹಜವೇ.

ಬ್ಯಾಟರಿ ಏಕೆ ಚಿಕ್ಕದು?

ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿಯಿದ್ದರೆ, ಕಾರಿನ ಲಿಥಿಯಂ ಬ್ಯಾಟರಿಯ ಒಂದು ಕಿಲೋಗ್ರಾಂನಲ್ಲಿ ಇರುವುದು ಸ್ಥೂಲವಾಗಿ 0.15 ಯೂನಿಟ್ ಮಾತ್ರ. ಆದುದರಿಂದ ಬಹು ದೂರ ಸಾಗಬೇಕಾದ ಶುದ್ಧ ವಿದ್ಯುತ್ ಕಾರು ಬಹು ಭಾರವನ್ನು ಹೊರಲೇಬೇಕು. ದಿನಕ್ಕೆ 50 ಕಿಲೋಮೀಟರ್ ಓಡಾಡುವವನು 500 ಕಿಲೋಮೀಟರ್ ಸಾಗಬಲ್ಲ ಕಾರನ್ನು ಇಟ್ಟುಕೊಂಡರೆ, ಬ್ಯಾಟರಿಯ ಹತ್ತರಲ್ಲಿ ಒಂಬತ್ತು ಪಾಲು ಬಹುತೇಕ ದಿನಗಳಲ್ಲಿ ಸುಮ್ಮನೆ ಸವಾರಿ ಮಾಡುತ್ತದೆ. 70 ಕಿಲೋಮೀಟರಿನ ಚಿಕ್ಕ ಬ್ಯಾಟರಿಯಾದರೋ ದಿನದಿನವೂ ದುಡಿಯುತ್ತದೆ. ಪ್ಲಗ್-ಇನ್ ಹೈಬ್ರಿಡ್‌ನ ಹಿರಿಮೆಯೆಲ್ಲ ಇಲ್ಲಿಯೇ ಇದೆ.

ಆದರೆ ಮಾಲೀಕನು ಪ್ಲಗ್ಗಿಗೆ ಸಿಕ್ಕಿಸುವುದನ್ನು ಮರೆತರೆ? ಆಗ ಅದು ಬ್ಯಾಟರಿಯ ಹೊರೆ ಹೊತ್ತ ಪೆಟ್ರೋಲ್ ಕಾರಷ್ಟೆ. ಇದು ಬರಿಯ ಊಹೆಯಲ್ಲ. ಯೂರೋಪಿನಲ್ಲಿ 2021ರಲ್ಲಿ ನೋಂದಾಯಿತವಾದ ಕಾರುಗಳ ನಿಜವಾದ ಇಂಧನ ಬಳಕೆಯನ್ನು ಪರಿಶೀಲಿಸಿ ಯೂರೋಪಿಯನ್ ಕಮಿಷನ್ 2024ರಲ್ಲಿ ವರದಿಯೊಂದನ್ನು ಪ್ರಕಟಿಸಿತು. ಪ್ಲಗ್-ಇನ್ ಹೈಬ್ರಿಡ್‌ಗಳು ಹೊರಸೂಸಿದ ಇಂಗಾಲದ ಡೈ ಆಕ್ಸೈಡ್, ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಇದ್ದಿತು. ಪರೀಕ್ಷೆಯು ಭಾವಿಸಿದಷ್ಟು ಬಾರಿ ಜನರು ಬ್ಯಾಟರಿಯನ್ನು ತುಂಬಿರಲಿಲ್ಲವೆಂಬುದು ಇದರ ಮುಖ್ಯ ಕಾರಣ. ರಾತ್ರಿ ಕಾರು ನಿಲ್ಲುವ ಸ್ಥಳದಲ್ಲಿ ಪ್ಲಗ್ಗಿಲ್ಲದವರು ಆ ಸೌಕರ್ಯ ಒದಗುವವರೆಗೆ ಈ ಕಾರಿನ ಯೋಚನೆಯನ್ನು ಬಿಡುವುದೇ ಲೇಸು.

ಕಾಯುವುದರ ಲೆಕ್ಕ

ಈಗ ಪ್ಲಗ್ಗಿರುವ ಮನೆಯೊಂದನ್ನು ಊಹಿಸಿಕೊಳ್ಳೋಣ. ವರ್ಷಕ್ಕೆ 300 ದಿನ, ದಿನಕ್ಕೆ 50 ಕಿಲೋಮೀಟರಿನಂತೆ 15,000 ಕಿಲೋಮೀಟರ್ ಓಡಾಟ. ಲೀಟರಿಗೆ 12 ಕಿಲೋಮೀಟರ್ ಸಾಗುವ ಪೆಟ್ರೋಲ್ ಕಾರಿಗೆ 1,250 ಲೀಟರ್ ಬೇಕು. ಲೀಟರಿಗೆ 90 ಸೆಂಟ್ ಎಂದಿಟ್ಟುಕೊಂಡರೆ ವೆಚ್ಚ 1,125 ಡಾಲರ್. ಅಷ್ಟೇ ದೂರವನ್ನು ಯೂನಿಟ್ಟಿಗೆ 5 ಕಿಲೋಮೀಟರಿನಂತೆ ವಿದ್ಯುತ್ತಿನಿಂದ ಸಾಗಲು 3,000 ಯೂನಿಟ್ ಸಾಕು. ಯೂನಿಟ್ಟಿಗೆ 17 ಸೆಂಟಿನಂತೆ 510 ಡಾಲರ್. ಉಳಿತಾಯ 615 ಡಾಲರ್. ಒಂದು ವರ್ಷ ಕಾದವನು ತೆರುವ ಬೆಲೆ ಇದು.

ಕಾದುದರಿಂದ ಲಾಭವೇನು? ಬ್ಯಾಟರಿ ಅಗ್ಗವಾಗುವುದೆಂಬುದು ಸಾಮಾನ್ಯ ನಂಬಿಕೆ. 2010ರಲ್ಲಿ ಲಿಥಿಯಂ ಬ್ಯಾಟರಿಯ ಬೆಲೆ ಯೂನಿಟ್ಟಿಗೆ ಸಾವಿರ ಡಾಲರಿಗೂ ಹೆಚ್ಚಾಗಿತ್ತು. ಬ್ಲೂಮ್‌ಬರ್ಗ್ ಎನ್‌ಇಎಫ್ ಸಂಸ್ಥೆಯ ಸಮೀಕ್ಷೆಯಂತೆ 2024ರಲ್ಲಿ ಅದರ ಸರಾಸರಿ 115 ಡಾಲರ್. ಎಂದರೆ ನಮ್ಮ 13.6 ಯೂನಿಟ್ಟಿನ ಬ್ಯಾಟರಿಗೆ ಅಂದು 13,600 ಡಾಲರಿಗೆ ಮೀರಿ ಬೀಳುತ್ತಿದ್ದುದು, 2024ರಲ್ಲಿ ಸುಮಾರು 1,560 ಡಾಲರ್. ಅಂದು ಕಾದವನ ಎಣಿಕೆ ಸರಿಯಾಗಿತ್ತು. ಆದರೆ ಇನ್ನು ಮುಂದೆ? ಬ್ಯಾಟರಿಯ ಬೆಲೆ ಮತ್ತೆ ಅರ್ಧಕ್ಕೆ ಇಳಿದರೂ ಉಳಿಯುವುದು 780 ಡಾಲರ್, ಎಂದರೆ ಹದಿನೈದು ತಿಂಗಳ ಇಂಧನದ ಉಳಿತಾಯದಷ್ಟು. ಚಿಕ್ಕ ಬ್ಯಾಟರಿಗಳಿಗೆ ಯೂನಿಟ್ಟಿನ ಬೆಲೆ ಸರಾಸರಿಗಿಂತ ಹೆಚ್ಚೇ ಬೀಳುವುದಾದರೂ ಲೆಕ್ಕದ ಸ್ವರೂಪ ಬದಲಾಗದು. ಇಳಿಯಬೇಕಾದ ಬೆಲೆಯ ಬಹುಭಾಗ ಆಗಲೇ ಇಳಿದುಹೋಗಿದೆ. 75 ಯೂನಿಟ್ಟಿನ ಬ್ಯಾಟರಿಯುಳ್ಳ ಶುದ್ಧ ವಿದ್ಯುತ್ ಕಾರಿನಲ್ಲಿ ಅದೇ ಇಳಿತದಿಂದ 4,300 ಡಾಲರ್ ಉಳಿಯುತ್ತದೆ. ಅಗ್ಗದ ಬ್ಯಾಟರಿಗಾಗಿ ಕಾಯುವ ಮಾತು ಅಲ್ಲಿ ಹೆಚ್ಚು ಸಲ್ಲುತ್ತದೆ.

ಸರ್ಕಾರದ ಧೋರಣೆ ಬ್ಯಾಟರಿಗಿಂತ ವೇಗವಾಗಿ ಬದಲಾಗಬಲ್ಲುದು. ಅಮೆರಿಕದಲ್ಲಿ ಕೆಲವು ನಿಯಮಗಳಿಗೊಳಪಟ್ಟು ಇಂಥ ಕಾರುಗಳಿಗೆ 7,500 ಡಾಲರಿನವರೆಗೆ ದೊರೆಯುತ್ತಿದ್ದ ತೆರಿಗೆಯ ರಿಯಾಯಿತಿ 2025ರ ಸೆಪ್ಟೆಂಬರ್ 30ರಂದು ಕೊನೆಗೊಂಡಿತು. ಮೇಲೆ ಹೇಳಿದ 780 ಡಾಲರಿನ ಆಸೆಯಿಂದ ಕಾಯುತ್ತಿದ್ದವರು ಅದರ ಹತ್ತರಷ್ಟನ್ನು ಒಂದೇ ದಿನದಲ್ಲಿ ಕಳೆದುಕೊಂಡಿರಬಹುದು.

ಹಾಗಾದರೆ ಕೂಡಲೇ ಕೊಳ್ಳಬೇಕೆ? ಇನ್ನೊಂದು ಬಾಬು ಉಳಿದಿದೆ. ಕಾರಿನ ಬೆಲೆ 32,000 ಡಾಲರ್ ಎಂದೂ ಬಡ್ಡಿ ನೂರಕ್ಕೆ 4 ಎಂದೂ ಇಟ್ಟುಕೊಂಡರೆ, ಕೊಳ್ಳದೆ ಇದ್ದವನಿಗೆ ವರ್ಷಕ್ಕೆ 1,280 ಡಾಲರ್ ಉಳಿಯುತ್ತದೆ. ಇದು 615ಕ್ಕಿಂತ ಹೆಚ್ಚು. ಆದುದರಿಂದ ಹಳೆಯ ಕಾರು ಗಟ್ಟಿಯಾಗಿರುವವನು ಕಾಯಬಹುದು. ಕಾಯಿಸುವುದು ಬ್ಯಾಟರಿಯಲ್ಲ, ಬಡ್ಡಿ.

ಹಳೆಯ ಕಾರು ಮುಗಿದೇಹೋಗಿದ್ದರೆ ಯಾವುದಾದರೊಂದು ಕಾರಿಗೆ ಹಣ ಸುರಿಯಲೇಬೇಕು. ಆಗ ಲೆಕ್ಕಕ್ಕೆ ಬರುವುದು ಬೆಲೆಯ ವ್ಯತ್ಯಾಸ ಮಾತ್ರ. ಪೆಟ್ರೋಲ್ ಕಾರಿಗಿಂತ 5,000 ಡಾಲರ್ ಹೆಚ್ಚು ಕೊಟ್ಟರೆ ಅದು ಸುಮಾರು ಎಂಟು ವರ್ಷಗಳಲ್ಲಿ ಹಿಂದಿರುಗುತ್ತದೆ. ವರ್ಷಕ್ಕೆ 4,000 ಕಿಲೋಮೀಟರ್ ಮಾತ್ರ ಓಡಾಡುವವನಿಗೆ ಅದೇ ಹಣ ಹಿಂದಿರುಗಲು ಮೂವತ್ತು ವರ್ಷ ಬೇಕು. ಪ್ಲಗ್ಗಿಲ್ಲದ ಸಾಮಾನ್ಯ ಹೈಬ್ರಿಡ್ ಕಾರು ಲೀಟರಿಗೆ 20 ಕಿಲೋಮೀಟರ್ ಸಾಗುವುದಾದರೆ ಅದರ ವೆಚ್ಚ 675 ಡಾಲರ್. ಅದರೊಡನೆ ಹೋಲಿಸಿದಾಗ ಪ್ಲಗ್ಗಿನ ಉಳಿತಾಯ ವರ್ಷಕ್ಕೆ 165 ಡಾಲರ್ ಮಾತ್ರ. ಕೊಳ್ಳುವವನು ಇದನ್ನೂ ಮರೆಯಕೂಡದು.

ಇಷ್ಟರಿಂದ ಮೂರು ವಿಷಯಗಳು ಸ್ಪಷ್ಟವಾಗುತ್ತವೆ. ಮನೆಯಲ್ಲಿ ಪ್ಲಗ್ ಇರಬೇಕು. ದಿನದ ಓಟ ಬ್ಯಾಟರಿಯ ಅಳತೆಗೆ ಸಮೀಪವಾಗಿರಬೇಕು. ಹೇಗೂ ಒಂದು ಕಾರನ್ನು ಕೊಳ್ಳಬೇಕಾದ ಕಾಲ ಬಂದಿರಬೇಕು. ಮೂರೂ ಕೂಡಿದವರು ಅಗ್ಗದ ಬ್ಯಾಟರಿಗಾಗಿ ಕಾಯಬೇಕಾಗಿಲ್ಲ. ಒಂದು ತಪ್ಪಿದರೂ ಅವಸರಪಡಬೇಕಾಗಿಲ್ಲ.

ಪೆಟ್ರೋಲು ಮತ್ತು ವಿದ್ಯುತ್ತಿನ ಬೆಲೆಗಳು ಊರಿಂದೂರಿಗೆ ಬೇರೆಯಾದುದರಿಂದ ಉತ್ತರವೂ ಬೇರೆಯಾಗುತ್ತದೆ. ಪೆಟ್ರೋಲು ಲೀಟರಿಗೆ 100 ರೂಪಾಯಿ, ವಿದ್ಯುತ್ತು ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದು ಇದೇ ಲೆಕ್ಕವನ್ನು ವಿದ್ಯಾರ್ಥಿಗಳು ಮಾಡಿ ನೋಡಲಿ. ವರ್ಷದ ಉಳಿತಾಯ 1,04,000 ರೂಪಾಯಿ ಬರುತ್ತದೆ. ಸಾಧಾರಣ ಬೆಲೆಯ ಇಂಥ ಕಾರು ನಮ್ಮಲ್ಲಿ ದೊರೆಯುವವರೆಗೆ ಇದು ಅಭ್ಯಾಸದ ಲೆಕ್ಕವಷ್ಟೆ. ಆದರೆ ಮನೆಗೆ ವಿದ್ಯುತ್ ಸ್ಕೂಟರನ್ನು ತರುವ ಮಾತು ಬಂದಾಗ, ಅಂಕಿಗಳನ್ನು ಬದಲಿಸಿ ಇದನ್ನೇ ಹಿರಿಯರ ಮುಂದಿಡಬಹುದು.