ಕೆಂಪು ಸಿಲಿಂಡರಿನ ಒಳಗೂ ಹೊರಗೂ

ಅಡುಗೆ ಅನಿಲದ ಸಿಲಿಂಡರಿನ ಒಳಗೆ ಬೆಂಕಿ ಹೊತ್ತಿಕೊಳ್ಳುವುದಿಲ್ಲ. ಸಿಲಿಂಡರ್ ಎಂದರೆ ಮನೆಯೊಳಗೆ ಇಟ್ಟುಕೊಂಡ ಬಾಂಬು ಎಂದು ನಂಬಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಒಳಗಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಉರಿಯಲು ಬೇಕಾದ ಆಮ್ಲಜನಕ ಅಲ್ಲಿಲ್ಲ. ಹೊರಗೆ ಬಂದು ಗಾಳಿಯನ್ನು ಸೇರಿದ ಮೇಲೆಯೇ ಅದಕ್ಕೆ ಉರಿಯುವ ಯೋಗ್ಯತೆ ಬರುವುದು. ಬರ್ನರಿನ ಬಾಯಲ್ಲಿ ಸೇರಿದರೆ ಅನ್ನ, ಅಡುಗೆಮನೆಯ ನೆಲದ ಮೇಲೆ ಸೇರಿದರೆ ಅನಾಹುತ. ಈ ಯಂತ್ರದ ಒಂದೊಂದು ಭಾಗವೂ ಅನಿಲ ಗಾಳಿಯನ್ನು ಎಲ್ಲಿ ಸೇರಬೇಕು, ಎಲ್ಲಿ ಸೇರಬಾರದು ಎಂಬುದನ್ನು ನೋಡಿಕೊಳ್ಳುವುದಕ್ಕೇ ಇದೆ.

ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ ಇರುತ್ತದೆ. ಅಷ್ಟೂ ದ್ರವವಾಗಿದ್ದರೆ ಸುಮಾರು 26 ಲೀಟರ್. ಸಿಲಿಂಡರಿನ ಒಳಜಾಗ 33 ಲೀಟರಿನಷ್ಟಿದ್ದರೂ ಪೂರ್ತಿ ತುಂಬುವುದಿಲ್ಲ, ಮೇಲೆ ಒಂದಿಷ್ಟು ಜಾಗ ಆವಿಗೆಂದು ಬಿಟ್ಟಿರುತ್ತಾರೆ. ಬಿಸಿಲಿಗೆ ದ್ರವ ಹಿಗ್ಗಿದರೂ ಆ ಜಾಗ ತಡೆದುಕೊಳ್ಳುತ್ತದೆ. ನಾವು ಒಲೆ ಹಚ್ಚಿದಾಗ ಬರುವುದು ಈ ಮೇಲಿನ ಆವಿ. ಅದು ಹೋದಷ್ಟೂ ಕೆಳಗಿನ ದ್ರವ ಕುದಿದು ಆ ಜಾಗ ತುಂಬುತ್ತದೆ, ಕುದಿಯಲು ಬೇಕಾದ ಶಾಖವನ್ನು ತನ್ನಿಂದಲೂ ಸಿಲಿಂಡರಿನ ಗೋಡೆಯಿಂದಲೂ ಎಳೆದುಕೊಳ್ಳುತ್ತದೆ. ಮದುವೆಮನೆಯಲ್ಲಿ ದೊಡ್ಡ ಒಲೆಗೆ ಕೊಟ್ಟ ಸಿಲಿಂಡರಿನ ಮೈ ಬೆವರುವುದು, ಕೆಲವೊಮ್ಮೆ ಹಿಮ ಕಟ್ಟುವುದು ಇದೇ ಕಾರಣಕ್ಕೆ. ಅನಿಲ ಮುಗಿಯುತ್ತ ಬಂತೆಂದು ಸಿಲಿಂಡರನ್ನು ಅಡ್ಡ ಮಲಗಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಹಾಗೆ ಮಾಡಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಬಹುದು. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ ಎಂಬುದನ್ನು ನೆನೆದರೆ, ಎರಡು ದಿನದ ಕಾಫಿಗಾಗಿ ಆ ಸಾಹಸ ಬೇಡ ಅನ್ನಿಸುತ್ತದೆ.

ಸಿಲಿಂಡರಿನ ಕುತ್ತಿಗೆಯಲ್ಲಿರುವ ವಾಲ್ವು ತಾನಾಗಿಯೇ ಮುಚ್ಚಿಕೊಳ್ಳುವ ಜಾತಿಯದು. ಒಳಗಿನ ಒಂದು ಸ್ಪ್ರಿಂಗು ಮತ್ತು ಸ್ವತಃ ಅನಿಲದ ಒತ್ತಡ, ಎರಡೂ ಸೇರಿ ನಡುವಿನ ಕಡ್ಡಿಯನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತವೆ. ಯಾರಾದರೂ ಕೆಳಕ್ಕೆ ಅದುಮಿದರೆ ಮಾತ್ರ ದಾರಿ ತೆರೆಯುತ್ತದೆ. ಅದುಮುವ ಕೆಲಸ ರೆಗ್ಯುಲೇಟರಿನದು. 'ಟಕ್' ಎಂದು ಕೂರಿಸಿ ಗುಂಡಿಯನ್ನು 'ಆನ್' ಕಡೆಗೆ ತಿರುಗಿಸಿದಾಗ ಅದರ ಕಡ್ಡಿ ವಾಲ್ವಿನ ಕಡ್ಡಿಯನ್ನು ಒತ್ತುತ್ತದೆ. 'ಆಫ್' ಮಾಡಿದರೆ ಒತ್ತುವವರಿಲ್ಲದೆ ವಾಲ್ವು ಮುಚ್ಚಿಕೊಳ್ಳುತ್ತದೆ. ಎರಡರ ನಡುವಿನ ಸಂದಿಯಲ್ಲಿ ಅನಿಲ ನುಸುಳದಂತೆ ವಾಲ್ವಿನೊಳಗೆ ಒಂದು ಸಣ್ಣ ರಬ್ಬರ್ ಬಳೆ ಇದೆ, ಎಲ್ಲರೂ ವಾಷರ್ ಅನ್ನುತ್ತಾರೆ. ಹೊಸ ಸಿಲಿಂಡರ್ ಜೋಡಿಸಿದ ಕೂಡಲೇ ವಾಸನೆ ಬಂದರೆ ಮೊದಲ ಅನುಮಾನ ಇದರ ಮೇಲೆಯೇ. ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಸಿಲಿಂಡರ್ ತಂದವರ ಎದುರಿಗೇ ನೋಡಿಸಿಕೊಳ್ಳುವುದರಲ್ಲಿ ಸಂಕೋಚ ಬೇಕಿಲ್ಲ. ಹಿಡಿಕೆಯ ಕೆಳಗಿನ ಪಟ್ಟಿಗಳಲ್ಲಿ ಒಂದರ ಒಳಮೈ ಮೇಲೆ ಎ, ಬಿ, ಸಿ, ಡಿ ಪೈಕಿ ಒಂದು ಅಕ್ಷರ, ಪಕ್ಕದಲ್ಲಿ ಎರಡಂಕಿಯ ಇಸವಿ ಬರೆದಿರುವುದನ್ನೂ ಆಗಲೇ ನೋಡಿಬಿಡಬಹುದು. ಎ ಎಂದರೆ ಮಾರ್ಚ್ ಕೊನೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಅಷ್ಟರೊಳಗೆ ಆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು.

ರೆಗ್ಯುಲೇಟರ್ ನಿಜಕ್ಕೂ ಚಂದದ ಯಂತ್ರ. ಕರೆಂಟು ಬೇಡ, ಬ್ಯಾಟರಿ ಬೇಡ. ಸಿಲಿಂಡರಿನೊಳಗೆ ಚದರ ಸೆಂಟಿಮೀಟರಿಗೆ ಹಲವು ಕೆ.ಜಿ.ಗಳಷ್ಟು ಒತ್ತಡ ಇರುತ್ತದೆ, ಅದೂ ಚಳಿಗೆ ಇಳಿಯುತ್ತದೆ, ಸೆಕೆಗೆ ಏರುತ್ತದೆ. ಒಲೆಗೆ ಬೇಕಾದದ್ದು ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂ, ಅಂದರೆ ಒಂದು ಅಡಿ ಎತ್ತರದ ನೀರು ತನ್ನ ತಳಕ್ಕೆ ಹಾಕುವಷ್ಟು. ಈ ಎರಡರ ನಡುವೆ ಒಂದು ರಬ್ಬರ್ ಪೊರೆ ಕೂತಿದೆ. ಪೊರೆಯ ಮೇಲೆ ಸ್ಪ್ರಿಂಗು, ಕೆಳಗೆ ಅನಿಲದ ಪುಟ್ಟ ಕೋಣೆ. ಒಲೆ ಅನಿಲ ಎಳೆದುಕೊಂಡಾಗ ಕೋಣೆಯ ಒತ್ತಡ ಇಳಿಯುತ್ತದೆ, ಸ್ಪ್ರಿಂಗು ಪೊರೆಯನ್ನು ಕೆಳಕ್ಕೆ ದೂಡುತ್ತದೆ, ಅದಕ್ಕೆ ಜೋಡಿಸಿದ ಸನ್ನೆ ಒಳದಾರಿಯನ್ನು ತುಸು ತೆರೆಯುತ್ತದೆ. ಅನಿಲ ಹೆಚ್ಚಾಯಿತೋ, ಪೊರೆ ಮೇಲೇರಿ ದಾರಿ ಕಿರಿದಾಗುತ್ತದೆ. ಹಾಲು ಕಾಯುವಷ್ಟು ಹೊತ್ತೂ ಈ ತೂಗಾಟ ನಡೆದೇ ಇರುತ್ತದೆ. ಪೊರೆ ಸರಾಗವಾಗಿ ಆಡಲೆಂದು ಮೇಲುಮುಚ್ಚಳದಲ್ಲಿ ಸಣ್ಣ ತೂತೊಂದಿದೆ. ಎಣ್ಣೆ ಜಿಡ್ಡು ಮೆತ್ತಬಾರದೆಂದು ರೆಗ್ಯುಲೇಟರಿಗೆ ಪ್ಲಾಸ್ಟಿಕ್ ಸುತ್ತುವವರು ಆ ತೂತನ್ನೂ ಮುಚ್ಚಿಬಿಡುತ್ತಾರೆ. ಅಲ್ಲಿಂದ ವಾಸನೆ ಬರುತ್ತಿದ್ದರೆ ಪೊರೆ ಹರಿದಿದೆ ಎಂದರ್ಥ. ಆ ರೆಗ್ಯುಲೇಟರನ್ನು ರಿಪೇರಿಗೆ ಕೊಡುವುದಲ್ಲ, ಏಜೆನ್ಸಿಯಲ್ಲಿ ಬದಲಿಸಿಕೊಳ್ಳಬೇಕು.

ಇಷ್ಟು ಜಾಣ ಯಂತ್ರಕ್ಕೂ ಒಂದು ಕುರುಡುತನ ಇದೆ. ಇಲಿ ಕಡಿದೋ, ಹಳತಾಗಿಯೋ ಪೈಪು ಒಲೆಯ ತುದಿಯಿಂದ ಕಳಚಿಕೊಂಡರೆ ಸಾಮಾನ್ಯ ರೆಗ್ಯುಲೇಟರಿಗೆ ತಿಳಿಯುವುದಿಲ್ಲ. ಒಲೆಯೇ ಹೆಚ್ಚು ಅನಿಲ ಕೇಳುತ್ತಿದೆ ಎಂದುಕೊಂಡು ಅದು ದಾರಿಯನ್ನು ಪೂರ್ತಿ ತೆರೆಯುತ್ತದೆ. ಹಾಗಾಗಿಯೇ ಒಳಗೆ ತಂತಿಯ ಹೆಣಿಗೆ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪು ಬಂದದ್ದು. ಅದನ್ನೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ರಾತ್ರಿ ಒಲೆಯ ಗುಂಡಿಯನ್ನಷ್ಟೇ ಆರಿಸಿ ಮಲಗುವುದಕ್ಕೂ ರೆಗ್ಯುಲೇಟರನ್ನೇ ಆಫ್ ಮಾಡಿ ಮಲಗುವುದಕ್ಕೂ ಇರುವ ವ್ಯತ್ಯಾಸ ಇಡೀ ಪೈಪಿನದು.

ಸೋರಿದ ಅನಿಲ ಏನು ಮಾಡುತ್ತದೆ? ಅದು ಗಾಳಿಗಿಂತ ಒಂದೂವರೆ, ಎರಡು ಪಟ್ಟು ಭಾರ. ಮೇಲೆ ಹೋಗುವುದಿಲ್ಲ. ಕೊಡ ಉರುಳಿದಾಗಿನ ನೀರಿನ ಹಾಗೆ ನೆಲ ಹಿಡಿದು ಹರಿಯುತ್ತದೆ, ಹೊಸ್ತಿಲು ದಾಟುತ್ತದೆ, ಬಚ್ಚಲಿನ ತೂತು ಸೇರುತ್ತದೆ. ಎತ್ತರದ ಕಿಟಕಿಗಿಂತ ನೆಲಕ್ಕೆ ತಾಗಿದ ಬಾಗಿಲು ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇದಕ್ಕೇ. ಗಾಳಿಯಲ್ಲಿ ಶೇ. 2ರಿಂದ 9ರಷ್ಟು ಅನಿಲ ಬೆರೆತಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ, ಅದಕ್ಕಿಂತ ಕಡಿಮೆ ಅಥವಾ ಹೆಚ್ಚಾದರೆ ಇಲ್ಲ. ಶೇ. 2 ಎಂದರೆ ಎಷ್ಟು? ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಗೆ ಲೆಕ್ಕ ಹಾಕಿದರೆ ಎರಡು ಲೀಟರ್ ದ್ರವವೂ ಬೇಡ. ಸಿಲಿಂಡರಿನಲ್ಲಿರುವುದರ ಹದಿನಾಲ್ಕನೇ ಒಂದು ಪಾಲು ಸಾಕು. ಅನಿಲ ನೆಲದಲ್ಲೇ ಮಡುಗಟ್ಟುವುದರಿಂದ ಅಷ್ಟೂ ಬೇಕಾಗುವುದಿಲ್ಲ.

ಅದಕ್ಕೇ ವಾಸನೆ. ಈ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬೇಕು, ಕೊಳೆತ ಕೋಸಿನಂಥ ಆ ನಾತ ಬೇಕೆಂದೇ ಬೆರೆಸುವ ಈಥೈಲ್ ಮರ್ಕ್ಯಾಪ್ಟನ್‌ನದು. ಹೊತ್ತಿಕೊಳ್ಳುವ ಮಟ್ಟದ ಐದನೇ ಒಂದು ಭಾಗ ಸೋರಿದ್ದರೂ ಮೂಗಿಗೆ ತಿಳಿಯುವಷ್ಟು ಬೆರೆಸುತ್ತಾರೆ. ಮರ್ಕ್ಯಾಪ್ಟನ್ ಅಷ್ಟು ಬೇಗ ಆವಿಯಾಗುವುದಿಲ್ಲ, ತಳದ ದ್ರವದಲ್ಲೇ ಉಳಿಯುತ್ತ ಹೋಗುತ್ತದೆ. ಸಿಲಿಂಡರ್ ಮುಗಿಯುವ ಹೊತ್ತಿಗೆ ವಾಸನೆ ಜೋರಾಗುವುದು ಅದರಿಂದ. ಆದರೆ ಮೂಗು ಬೇಗ ಒಗ್ಗಿಕೊಳ್ಳುವ ಅಂಗ. ಒಳಗಿದ್ದವರು 'ಏನೂ ಇಲ್ಲವಲ್ಲ' ಅಂದು, ಹೊರಗಿನಿಂದ ಬಂದವರು 'ಗ್ಯಾಸ್ ವಾಸನೆ' ಅಂದರೆ ಬಂದವರ ಮಾತೇ ಸರಿ. ಆಗ ಲೈಟು ಹಾಕಬಾರದು ಎಂಬುದು ಎಲ್ಲರಿಗೂ ಗೊತ್ತು. ಉರಿಯುತ್ತಿರುವ ಲೈಟನ್ನು ಆರಿಸಲೂಬಾರದು ಎಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. ಸ್ವಿಚ್ಚಿನೊಳಗಿನ ಕಿಡಿ ಹಾಕಿದಾಗಲೂ ಆರಿಸಿದಾಗಲೂ ಹಾರುತ್ತದೆ. ಎಕ್ಸಾಸ್ಟ್ ಫ್ಯಾನಿಗೂ ಇದೇ ಮಾತು. ರೆಗ್ಯುಲೇಟರ್ ಆಫ್ ಮಾಡಿ, ಸಾಧ್ಯವಾದರೆ ಬಿಚ್ಚಿ ವಾಲ್ವಿಗೆ ಬಿಳಿ ಮುಚ್ಚಳ ಹಾಕಿ, ಬಾಗಿಲು ತೆರೆದು ಹೊರಗೆ ಬಂದು, ಅಲ್ಲಿಂದ 1906ಕ್ಕೆ ಫೋನು. ಅನಿಲ ಸೋರಿಕೆಗೆಂದೇ ಇರುವ ಸಂಖ್ಯೆ ಅದು.

ಬೆಂಕಿ ಹೊತ್ತಿಯೇ ಬಿಟ್ಟರೆ ಲೆಕ್ಕ ಬೇರೆ. ಸಿಲಿಂಡರಿನ ತಲೆಯಲ್ಲಿ ನೆಟ್ಟಗೆ ಉರಿಯುತ್ತಿರುವ ಜ್ವಾಲೆ, ಹೊತ್ತದೆ ಸುಮ್ಮನೆ ಸೋರುವ ಅನಿಲಕ್ಕಿಂತ ಒಂದು ಅರ್ಥದಲ್ಲಿ ವಾಸಿ. ಬಂದ ಅನಿಲ ಅಲ್ಲೇ ಸುಟ್ಟುಹೋಗುತ್ತದೆ, ನೆಲದಲ್ಲಿ ಮಡುಗಟ್ಟುವುದಿಲ್ಲ. ಅಗ್ನಿಶಾಮಕ ಸಿಬ್ಬಂದಿ ಪ್ರದರ್ಶನಗಳಲ್ಲಿ ಒದ್ದೆ ಗೋಣಿಚೀಲ ಮುಚ್ಚಿ ಅದನ್ನು ಆರಿಸುವುದನ್ನು ನೀವು ನೋಡಿರಬಹುದು. ಅದರಲ್ಲಿ ಮಂತ್ರವೇನಿಲ್ಲ. ಚೀಲ ಗಾಳಿಯನ್ನು ತಡೆಯುತ್ತದೆ, ಆ ಗಳಿಗೆಯಲ್ಲಿ ಕೈ ಹಾಕಿ ರೆಗ್ಯುಲೇಟರ್ ಆಫ್ ಮಾಡುತ್ತಾರೆ. ಜ್ವಾಲೆ ಆರಿಸಿ ಅನಿಲ ನಿಲ್ಲಿಸದಿದ್ದರೆ ಇನ್ನೂ ದೊಡ್ಡ ಅಪಾಯವನ್ನು ತಂದುಕೊಂಡ ಹಾಗೆ. ನಿಜವಾಗಿ ಓಡಬೇಕಾದ್ದು ಸಿಲಿಂಡರಿನ ಮೈಗೇ ಬೆಂಕಿ ತಗಲುತ್ತಿರುವಾಗ. ದ್ರವ ಇರುವಷ್ಟು ಎತ್ತರದವರೆಗೆ ಉಕ್ಕು ತನ್ನ ಶಾಖವನ್ನು ದ್ರವಕ್ಕೆ ದಾಟಿಸುತ್ತದೆ, ಅದಕ್ಕಿಂತ ಮೇಲಿನ ಭಾಗಕ್ಕೆ ಆ ಆಸರೆ ಇಲ್ಲ. ಅದು ಕಾದು ಮೆತ್ತಗಾಗುತ್ತದೆ, ಒಳಗಿನ ಒತ್ತಡ ಏರುತ್ತದೆ, ಕೊನೆಗೆ ಉಕ್ಕು ಸೀಳುತ್ತದೆ. ಸಿಲಿಂಡರ್ ಸ್ಫೋಟ ಎಂದು ಪತ್ರಿಕೆಗಳು ಬರೆಯುವುದರಲ್ಲಿ ಕೆಲವು ಇಂಥವು, ಇನ್ನು ಕೆಲವು ಕೋಣೆಯಲ್ಲಿ ತುಂಬಿದ ಅನಿಲದ ಸ್ಫೋಟ. ಎರಡನೆಯದರಲ್ಲಿ ಸಿಲಿಂಡರ್ ಎಷ್ಟೋ ಸಲ ಇಡಿಯಾಗಿಯೇ ಉಳಿದಿರುತ್ತದೆ.

101 ಅಗ್ನಿಶಾಮಕ ದಳದ್ದು, 112 ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ ಒಂದೇ. ಹೊರಗೆ ಬಂದ ಮೇಲೆಯೇ ಫೋನು. 'ಬೇಗ ಬನ್ನಿ' ಎಂದು ಕೂಗಿ ಇಡುವವರೇ ಜಾಸ್ತಿ. ಅಲ್ಲಿ ಕೂತವರಿಗೆ ಬೇಕಾದದ್ದು ಊರು, ಬಡಾವಣೆ, ಅಡ್ಡರಸ್ತೆ, ಹತ್ತಿರದ ದೇವಸ್ಥಾನವೋ ಶಾಲೆಯೋ, ಎಷ್ಟನೆಯ ಮಹಡಿ, ಒಳಗೆ ಯಾರಾದರೂ ಉಳಿದಿದ್ದಾರೆಯೇ, ಸಿಲಿಂಡರ್ ಎಷ್ಟಿವೆ. ಕೊನೆಯದನ್ನು ಯಾರೂ ಹೇಳುವುದಿಲ್ಲ, ಅವರಿಗೆ ಬಹಳ ಬೇಕಾದದ್ದು ಅದೇ. ಎಷ್ಟು ದೂರದಲ್ಲಿ ನಿಂತು ನೀರು ಹಾಯಿಸಬೇಕು, ಯಾವುದನ್ನು ಮೊದಲು ತಣಿಸಬೇಕು ಎಂಬುದು ಅದರ ಮೇಲೆ ನಿಂತಿದೆ. ಜ್ವಾಲೆ ಆರಿದ ಮೇಲೂ ಅವರು ಬರಿಯ ಸಿಲಿಂಡರಿಗೆ ನೀರು ಹೊಡೆಯುತ್ತಲೇ ಇರುವುದು ಒಳಗಿನ ದ್ರವ ಇನ್ನೂ ಕಾದಿರುತ್ತದೆಂದು. ದೊಡ್ಡ ವಾಹನದ ಟ್ಯಾಂಕಿನಲ್ಲೂ ಸಾಮಾನ್ಯವಾಗಿ 4,500 ಲೀಟರ್ ನೀರು, ಪಂಪು ಪೂರ್ತಿ ಓಡಿದರೆ ಅದು ಕೆಲವೇ ನಿಮಿಷದ ಮಾತು. ನಿಮ್ಮ ಸಂಪಿನ ಮುಚ್ಚಳ ಎಲ್ಲಿದೆ ಎಂದು ತೋರಿಸುವ ಒಬ್ಬರು, ಮುಖ್ಯರಸ್ತೆಯ ತಿರುವಿನಲ್ಲಿ ನಿಂತು ದಾರಿ ತೋರಿಸುವ ಇನ್ನೊಬ್ಬರು, ಗಲ್ಲಿಯಲ್ಲಿ ನಿಲ್ಲಿಸಿದ ಕಾರು ತೆಗೆಸುವ ಮತ್ತೊಬ್ಬರು ಇದ್ದರೆ ಅರ್ಧ ಕೆಲಸ ಹಗುರ.

ಇದನ್ನೆಲ್ಲ ಮೊದಲೇ ಕಲಿತುಕೊಳ್ಳಲೂ ಒಂದು ಸಂದರ್ಭವಿದೆ. 1944ರ ಏಪ್ರಿಲ್ 14ರಂದು ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿಯನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೊತ್ತಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು, ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿಗೆ ದೇಶದಲ್ಲೆಲ್ಲ ಪ್ರತಿ ವರ್ಷ ಆ ದಿನದಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಅಗ್ನಿಶಾಮಕ ಠಾಣೆಯವರು ಶಾಲೆ, ಬಡಾವಣೆಗಳಿಗೆ ಬಂದು ಪ್ರದರ್ಶನ ಕೊಡುವುದು ಆಗಲೇ ಹೆಚ್ಚು. ನಿಮ್ಮ ಬೀದಿಗೂ ಬರಬೇಕೆಂದರೆ ಹತ್ತಿರದ ಠಾಣೆಯಲ್ಲಿ ಮುಂಚಿತವಾಗಿ ಕೇಳಿ ನೋಡಿ. ಬಂದಾಗ ಗಂಡಸರು ಮುಂದೆ ಕೈಕಟ್ಟಿ ನಿಂತು, ದಿನವೂ ಒಲೆ ಹಚ್ಚುವವರು ಹಿಂದಿನಿಂದ ಇಣುಕುವುದೇ ನಡೆದುಬಂದಿದೆ. ಒದ್ದೆ ಗೋಣಿಚೀಲವನ್ನು ಒಮ್ಮೆ ಅವರ ಕೈಗೆ ಕೊಡಿಸಿ.